ಐವತ್ತು ದಾಟಿದವರು ಮ್ಯಾರಥಾನ್ ಓಡಬಹುದೆ?



ಪ್ರತಿ ವರ್ಷ ನವೆಂಬರ್ ತಿಂಗಳ ಮೊದಲ ಭಾನುವಾರ ನ್ಯೂಯಾರ್ಕ್ ನಗರದ ಮ್ಯಾರಥಾನ್ ಓಟ ನಡೆಯುತ್ತದೆ. ಅದನ್ನು ರಸ್ತೆಯ ಬದಿಯಲ್ಲಿ ನಿಂತೋ ದೂರದರ್ಶನದಲ್ಲೋ ನೋಡಿದ ನಮ್ಮವರು ಮುಂದಿನ ವಾರ ವೈದ್ಯರ ಬಳಿಗೆ ಬಂದಾಗ ಕೇಳುವ ಪ್ರಶ್ನೆ ಒಂದೇ: "ಡಾಕ್ಟರೇ, ನನಗೀಗ ಐವತ್ತೈದು. ನಾನೂ ಓಡಬಹುದೆ?" ಜೊತೆಗೆ ಬಂದ ಪತ್ನಿಯ ಪ್ರಶ್ನೆ ಬೇರೆ: "ಈ ವಯಸ್ಸಿನಲ್ಲಿ ಇವರಿಗೆ ಇದೆಲ್ಲ ಯಾಕೆ ಬೇಕು? ನೀವಾದರೂ ಸ್ವಲ್ಪ ಹೇಳಿ." ಎರಡೂ ನ್ಯಾಯವಾದ ಪ್ರಶ್ನೆಗಳೇ. ಇವೆರಡಕ್ಕೂ ಒಟ್ಟಿಗೆ ಉತ್ತರ ಹೇಳುವುದು ಇಂದಿನ ನನ್ನ ಉಪನ್ಯಾಸದ ಉದ್ದೇಶ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಓಡಬಹುದು, ಆದರೆ ಬರುವ ನವೆಂಬರಿನಲ್ಲಿ ಅಲ್ಲ. ಹೀಗೇಕೆಂಬುದನ್ನು ಈಗ ವಿವರಿಸುತ್ತೇನೆ.

ಈ ಓಟದ ಹಿಂದಿನ ಕಥೆ

ಮ್ಯಾರಥಾನ್ ಎಂದರೆ 26.2 ಮೈಲಿ, ಅಂದರೆ 42.195 ಕಿಲೋಮೀಟರ್. ನಮ್ಮ ನಗರದಲ್ಲಿ ಈ ಓಟ ಆರಂಭವಾದದ್ದು 1970ರಲ್ಲಿ, ಸೆಂಟ್ರಲ್ ಪಾರ್ಕಿನ ಒಳಗಡೆ. ಅಂದು ಹೆಸರು ಕೊಟ್ಟವರು 127 ಮಂದಿ, ಕೊನೆ ಮುಟ್ಟಿದವರು 55 ಮಂದಿ. 1976ರಲ್ಲಿ ಅದು ನಗರದ ಐದು ವಿಭಾಗಗಳನ್ನೂ ಹಾದುಹೋಗುವ ಓಟವಾಯಿತು. 2024ರಲ್ಲಿ ಕೊನೆ ಮುಟ್ಟಿದವರ ಸಂಖ್ಯೆ 55 ಸಾವಿರವನ್ನೂ ಮೀರಿತು.

ಇದನ್ನು ಕಟ್ಟಿ ಬೆಳೆಸಿದವರಲ್ಲಿ ಮುಖ್ಯರಾದವರು ಫ್ರೆಡ್ ಲೆಬೋ. ರುಮೇನಿಯಾ ದೇಶದ ಅರಾದ್ ಎಂಬ ಊರಿನಲ್ಲಿ ಹುಟ್ಟಿ, ಯುದ್ಧಾನಂತರ ದೇಶ ಬಿಟ್ಟು, ಈ ನಗರದ ಸಿದ್ಧ ಉಡುಪಿನ ವ್ಯಾಪಾರದಲ್ಲಿ ದುಡಿಯುತ್ತಿದ್ದ ವಲಸೆಗಾರ ಅವರು; ನಮ್ಮ ನಿಮ್ಮ ಹಾಗೆಯೇ. ಅವರೇನೂ ವೇಗದ ಓಟಗಾರರಲ್ಲ. 1970ರ ಮೊದಲ ಓಟವನ್ನು ಮುಗಿಸಲು ಅವರಿಗೆ ನಾಲ್ಕು ಗಂಟೆಗೂ ಹೆಚ್ಚು ಕಾಲ ಹಿಡಿಯಿತು. 1990ರಲ್ಲಿ ಅವರಿಗೆ ಮೆದುಳಿನ ಕ್ಯಾನ್ಸರ್ ಇರುವುದು ತಿಳಿಯಿತು. ಚಿಕಿತ್ಸೆ ಪಡೆಯುತ್ತಲೇ ಮೊದಲು ನಡೆದು, ಆಮೇಲೆ ನಿಧಾನವಾಗಿ ಓಡಿ, 1992ರ ನವೆಂಬರಿನಲ್ಲಿ ತಮ್ಮ 60ನೆಯ ವಯಸ್ಸಿನಲ್ಲಿ ಅವರು ಐದು ವಿಭಾಗಗಳ ಈ ಓಟವನ್ನು ಮೊಟ್ಟಮೊದಲ ಬಾರಿಗೆ ಓಡಿದರು. ಈ ಓಟವನ್ನು ಒಂಬತ್ತು ಬಾರಿ ಗೆದ್ದಿದ್ದ ನಾರ್ವೆಯ ಗ್ರೆಟೆ ವೈಟ್ಜ್ ತಮ್ಮ ವೇಗವನ್ನೆಲ್ಲ ಬದಿಗಿಟ್ಟು ಅವರ ಪಕ್ಕದಲ್ಲೇ ಉದ್ದಕ್ಕೂ ಹೆಜ್ಜೆ ಹಾಕಿದರು. ಇಬ್ಬರೂ ಕೊನೆ ಮುಟ್ಟಿದ್ದು 5 ಗಂಟೆ 32 ನಿಮಿಷದಲ್ಲಿ. ಲೆಬೋ 1994ರ ಅಕ್ಟೋಬರಿನಲ್ಲಿ ತೀರಿಕೊಂಡರು.

ನಮ್ಮ ದೇಶದವರ ಉದಾಹರಣೆಯೂ ಇದೆ. ಪಂಜಾಬಿನ ರೈತ ಫೌಜಾ ಸಿಂಗ್ ಪತ್ನಿಯನ್ನೂ ಮಗನನ್ನೂ ಕಳೆದುಕೊಂಡ ದುಃಖದ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಓಟಕ್ಕೆ ಮನಸ್ಸು ಕೊಟ್ಟರು. ಪಾಸ್‌ಪೋರ್ಟಿನ ಪ್ರಕಾರ ಅವರು ಹುಟ್ಟಿದ್ದು 1911ರಲ್ಲಿ. ಮೊದಲ ಮ್ಯಾರಥಾನ್ 2000ದಲ್ಲಿ ಲಂಡನ್ನಿನಲ್ಲಿ; 2003ರಲ್ಲಿ ನಮ್ಮ ನ್ಯೂಯಾರ್ಕಿನಲ್ಲೂ ಓಡಿದರು; 2011ರಲ್ಲಿ, ನೂರನೆಯ ವಯಸ್ಸಿನಲ್ಲಿ, ಟೊರಾಂಟೋ ನಗರದ ಓಟವನ್ನು ಮುಗಿಸಿದರು. ಜನನ ಪತ್ರವಿಲ್ಲವೆಂದು ಗಿನ್ನೆಸ್ ಸಂಸ್ಥೆ ಇದನ್ನು ದಾಖಲೆಯಾಗಿ ಒಪ್ಪಲಿಲ್ಲ. 2025ರಲ್ಲಿ ಅವರು ಮಡಿದದ್ದು ಓಟದಿಂದಲ್ಲ, ತಮ್ಮ ಹಳ್ಳಿಯ ರಸ್ತೆಯಲ್ಲಿ ವಾಹನ ಬಡಿದು.

ಈ ಇಬ್ಬರೂ ಅಸಾಧಾರಣರು, ಅವರನ್ನು ನಮಗೆ ಅಳತೆಗೋಲಾಗಿ ಇಟ್ಟುಕೊಳ್ಳಬಾರದು ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಆದ್ದರಿಂದ ಸಾಧಾರಣ ದೇಹದ ವಿಷಯಕ್ಕೆ ಬರೋಣ.

ಮುಪ್ಪಿನ ಪಾಲೆಷ್ಟು, ಕುಳಿತಿರುವುದರ ಪಾಲೆಷ್ಟು?

ವಯಸ್ಸಾದಂತೆ ಹೃದಯದ ಗರಿಷ್ಠ ಬಡಿತ ಇಳಿಯುತ್ತದೆ, ಸ್ನಾಯುಗಳು ಸವೆಯುತ್ತವೆ, ದೇಹ ಆಮ್ಲಜನಕವನ್ನು ಬಳಸುವ ಶಕ್ತಿ ಕುಗ್ಗುತ್ತದೆ. ಇದು ನಿಸರ್ಗದ ನಿಯಮ. ಆದರೆ ನಾವು ಮುಪ್ಪೆಂದು ಕರೆಯುವುದರಲ್ಲಿ ದೊಡ್ಡ ಭಾಗ ಮುಪ್ಪೇ ಅಲ್ಲ.

1966ರಲ್ಲಿ ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದಲ್ಲಿ ವೈದ್ಯರು ಇಪ್ಪತ್ತರ ವಯಸ್ಸಿನ ಐವರು ಆರೋಗ್ಯವಂತ ತರುಣರನ್ನು ಮೂರು ವಾರಗಳ ಕಾಲ ಹಾಸಿಗೆಯಲ್ಲೇ ಮಲಗಿಸಿ ಅವರ ದೇಹಶಕ್ತಿಯನ್ನು ಅಳೆದರು. ಮೂವತ್ತು ವರ್ಷಗಳ ಬಳಿಕ ಅದೇ ಐವರನ್ನು ಕರೆಸಿ ಮತ್ತೆ ಅಳೆದರು. ಮೂವತ್ತು ವರ್ಷಗಳ ವಯಸ್ಸು ಅವರಿಂದ ಕಸಿದದ್ದಕ್ಕಿಂತ ಹೆಚ್ಚು ಶಕ್ತಿಯನ್ನು ಅಂದಿನ ಮೂರು ವಾರಗಳ ಹಾಸಿಗೆ ಕಸಿದಿತ್ತು! ಆಮೇಲೆ ಐವತ್ತರ ಆ ಗಂಡಸರಿಗೆ ಆರು ತಿಂಗಳು ನಡಿಗೆ, ನಿಧಾನದ ಓಟ, ಸೈಕಲ್ ಸವಾರಿಗಳನ್ನು ಕ್ರಮವಾಗಿ ಹೆಚ್ಚಿಸುತ್ತ ಮಾಡಿಸಿದರು. ವಯಸ್ಸಿನೊಂದಿಗೆ ಹೋಗಿದ್ದ ಆಮ್ಲಜನಕ ಬಳಕೆಯ ಶಕ್ತಿ ಪೂರ್ತಿಯಾಗಿ ಮರಳಿತು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಡಾ. ಜೇಮ್ಸ್ ಫ್ರೈಸ್ 1984ರಲ್ಲಿ ಐವತ್ತು ದಾಟಿದ ಓಟಗಾರರನ್ನೂ ಓಡದವರನ್ನೂ ಆರಿಸಿಕೊಂಡು ಎರಡು ದಶಕಗಳ ಕಾಲ ಗಮನಿಸಿದರು. ಹತ್ತೊಂಬತ್ತು ವರ್ಷಗಳ ಬಳಿಕ ಓಡದವರಲ್ಲಿ ನೂರಕ್ಕೆ 34 ಮಂದಿ ತೀರಿಕೊಂಡಿದ್ದರು, ಓಟಗಾರರಲ್ಲಿ 15 ಮಂದಿ. ಓಡುವವರು ಮೊದಲಿನಿಂದಲೇ ಹೆಚ್ಚು ಆರೋಗ್ಯವಂತರಾಗಿದ್ದಿರಬಹುದು ಎಂಬುದನ್ನು ನೆನಪಿಡಬೇಕು. ಆದರೂ ಅಂತರ ಸಣ್ಣದಲ್ಲ. ಎದ್ದು ಕೂರುವುದು, ಮೆಟ್ಟಿಲು ಹತ್ತುವುದು ಮೊದಲಾದ ದಿನನಿತ್ಯದ ಕೆಲಸಗಳಲ್ಲಿ ಅಸಹಾಯಕತೆ ಓಟಗಾರರನ್ನು ಅನೇಕ ವರ್ಷ ತಡವಾಗಿ ಮುಟ್ಟಿತು. ಓಡಿದರೆ ಮಂಡಿ ಸವೆಯುತ್ತದೆಂಬ ಭಯ ನಮ್ಮಲ್ಲಿ ವ್ಯಾಪಕ. ಮಿತವಾಗಿ ಓಡುವವರ ಮಂಡಿ ಓಡದವರ ಮಂಡಿಗಿಂತ ಬೇಗ ಸವೆಯುತ್ತದೆಂದು ಅಧ್ಯಯನಗಳು ತೋರಿಸಿಲ್ಲ. ಮಂಡಿಗೆ ನಿಜವಾದ ಶತ್ರು ದೇಹದ ಹೆಚ್ಚುವರಿ ತೂಕ ಮತ್ತು ಹಳೆಯ ಗಾಯ.

ನಮ್ಮವರ ಹೃದಯ

ಇಷ್ಟು ಕೇಳಿ ನಾಳೆಯೇ ಬೂಟು ಕೊಳ್ಳಲು ಹೊರಡುವವರಿಗೆ ಈಗ ಎಚ್ಚರಿಕೆಯ ಮಾತು. ಭಾರತ ಉಪಖಂಡದ ನಮಗೆ ಹೃದಯಾಘಾತ ಬೇಗ ಬರುತ್ತದೆ. 2007ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ ಮೊದಲ ಹೃದಯಾಘಾತದ ವಯಸ್ಸು ನಮ್ಮ ಭಾಗದ ದೇಶಗಳಲ್ಲಿ ಸುಮಾರು 53, ಇತರ ದೇಶಗಳಲ್ಲಿ ಸುಮಾರು 59. ತೆಳ್ಳಗೆ ಕಾಣುವ ನಮ್ಮವರಲ್ಲೂ ಹೊಟ್ಟೆಯ ಸುತ್ತ ಕೊಬ್ಬು ಶೇಖರವಾಗಿ ಮಧುಮೇಹ ಬರುತ್ತದೆ. ಆದ್ದರಿಂದಲೇ ಅಮೆರಿಕದ ಮಧುಮೇಹ ಸಂಸ್ಥೆ 2015ರಲ್ಲಿ ಏಷ್ಯಾ ಮೂಲದವರ ಮಧುಮೇಹ ತಪಾಸಣೆಗೆ ದೇಹತೂಕ ಸೂಚ್ಯಂಕದ ಮಿತಿಯನ್ನು 25ರಿಂದ 23ಕ್ಕೆ ಇಳಿಸಿತು. 2018ರ ಕೊಲೆಸ್ಟರಾಲ್ ಮಾರ್ಗಸೂಚಿಯಂತೂ ದಕ್ಷಿಣ ಏಷ್ಯಾ ಮೂಲವನ್ನೇ ಅಪಾಯ ಹೆಚ್ಚಿಸುವ ಅಂಶಗಳಲ್ಲಿ ಒಂದೆಂದು ಪರಿಗಣಿಸಿದೆ.

ಓಟವೊಂದೇ ಈ ಅಪಾಯವನ್ನು ಅಳಿಸಿಹಾಕದು. ಅಮೆರಿಕನ್ನರಿಗೆ ಓಟದ ಹುಚ್ಚು ಹಿಡಿಸಿದ ಗ್ರಂಥಕರ್ತ ಜಿಮ್ ಫಿಕ್ಸ್ 1984ರಲ್ಲಿ ವರ್ಮಾಂಟ್ ರಾಜ್ಯದಲ್ಲಿ ಓಡುತ್ತಿದ್ದಾಗಲೇ ಕುಸಿದು ತೀರಿಕೊಂಡರು, ವಯಸ್ಸು 52. ಅವರ ಹೃದಯದ ರಕ್ತನಾಳಗಳು ತೀವ್ರವಾಗಿ ಕಟ್ಟಿಕೊಂಡಿದ್ದವು. ತಂದೆ ಹೃದಯಾಘಾತದಿಂದ 43ರಲ್ಲೇ ಸತ್ತಿದ್ದರು. ಓಟ ಅವರ ಆಯುಸ್ಸನ್ನು ಹೆಚ್ಚಿಸಿರಲೂಬಹುದು, ಆದರೆ ವಂಶದ ಲೆಕ್ಕವನ್ನು ತೀರಿಸಲಿಲ್ಲ.

ಹಾಗೆಂದು ಭಯಪಡಬೇಕಾಗಿಯೂ ಇಲ್ಲ. ಅಮೆರಿಕದಲ್ಲಿ 2010ರಿಂದ 2023ರವರೆಗೆ ಮ್ಯಾರಥಾನ್ ಮತ್ತು ಅರ್ಧ ಮ್ಯಾರಥಾನ್‌ಗಳನ್ನು ಮುಗಿಸಿದ ಸುಮಾರು 2 ಕೋಟಿ 93 ಲಕ್ಷ ಮಂದಿಯ ಲೆಕ್ಕ ನೋಡಿದಾಗ ಹೃದಯ ಸ್ತಂಭನವಾದದ್ದು 176 ಮಂದಿಗೆ, ಸತ್ತವರು 59 ಮಂದಿ. ಲಕ್ಷಕ್ಕೆ ಒಬ್ಬರಿಗಿಂತಲೂ ಕಡಿಮೆ. ಕಾರಣ ಗೊತ್ತಾದ ಪ್ರಕರಣಗಳಲ್ಲಿ ಮೊದಲ ಸ್ಥಾನ ಹೃದಯದ ರಕ್ತನಾಳದ ಕಾಯಿಲೆಗೆ. ಅಂದರೆ ಮೊದಲೇ ಹುಡುಕಿದರೆ ಅನೇಕ ವೇಳೆ ಸಿಗುವಂಥ ಕಾಯಿಲೆಗೆ.

ಆದಕಾರಣ ಓಟ ಆರಂಭಿಸುವ ಮೊದಲು ವೈದ್ಯರನ್ನು ಕಾಣಿರಿ. ತಂದೆ, ಸೋದರರಿಗೆ 55ರೊಳಗೆ ಅಥವಾ ತಾಯಿ, ಸೋದರಿಯರಿಗೆ 65ರೊಳಗೆ ಹೃದಯಾಘಾತವಾಗಿತ್ತೇ ಎಂಬುದನ್ನು ಮರೆಮಾಚದೆ ಹೇಳಿರಿ. "ಊರಿನಲ್ಲಿ ಇದ್ದಕ್ಕಿದ್ದ ಹಾಗೆ ಹೋದರು" ಎಂದಷ್ಟೇ ನಮಗೆ ತಿಳಿದಿರುತ್ತದೆ. ದೊಡ್ಡಪ್ಪನಿಗೋ ಸೋದರತ್ತೆಗೋ ದೂರವಾಣಿ ಮಾಡಿ ವಿಚಾರಿಸಿರಿ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಜೊತೆಗೆ ಲೈಪೋಪ್ರೋಟೀನ್ (ಎ) ಎಂಬ ರಕ್ತಪರೀಕ್ಷೆಯನ್ನು ಜೀವನದಲ್ಲಿ ಒಮ್ಮೆಯಾದರೂ ಮಾಡಿಸಿರಿ. ಇ.ಸಿ.ಜಿ., ಟ್ರೆಡ್‌ಮಿಲ್ ಪರೀಕ್ಷೆ, ರಕ್ತನಾಳದ ಸುಣ್ಣದಂಶ ಅಳೆಯುವ ಸ್ಕ್ಯಾನ್ ಇವು ಯಾರಿಗೆ ಬೇಕೆಂಬುದನ್ನು ವೈದ್ಯರು ತೀರ್ಮಾನಿಸುತ್ತಾರೆ. ಟ್ರೆಡ್‌ಮಿಲ್ ಪರೀಕ್ಷೆ ಸರಿಯಾಗಿದ್ದರೆ ಆಜೀವ ಖಾತರಿಪತ್ರ ಸಿಕ್ಕಿತೆಂದು ಮಾತ್ರ ತಿಳಿಯಬೇಡಿ. ಓಡುವಾಗ ಎದೆ ಬಿಗಿದರೆ, ದವಡೆ ಅಥವಾ ತೋಳು ನೋಯತೊಡಗಿದರೆ, ಎಂದಿಲ್ಲದ ಉಬ್ಬಸ ಬಂದರೆ, ತಲೆ ಸುತ್ತಿದರೆ ಅಲ್ಲಿಯೇ ನಿಲ್ಲಿರಿ. "ಗ್ಯಾಸ್ ಇರಬೇಕು" ಎಂಬ ನಮ್ಮ ಮನೆಮಾತು ಎಷ್ಟೋ ಪ್ರಾಣಗಳನ್ನು ತೆಗೆದಿದೆ.

ಐದು ಸೇತುವೆಗಳ ಮೇಲೆ ದೇಹದ ಸ್ಥಿತಿ

ಓಟ ಸ್ಟೇಟನ್ ಐಲೆಂಡಿನಿಂದ ಹೊರಟು ವೆರಜಾನೋ ಸೇತುವೆಯ ಏರನ್ನು ಹತ್ತುತ್ತದೆ. ಉತ್ಸಾಹದಲ್ಲಿ ಎಲ್ಲರೂ ವೇಗವಾಗಿ ಹೋಗುವುದು ಇಲ್ಲಿಯೇ. ಹಿರಿಯರು ಕೆಡುವುದೂ ಇಲ್ಲಿಯೇ. ಬ್ರೂಕ್ಲಿನ್ ದಾಟಿ ಪುಲಾಸ್ಕಿ ಸೇತುವೆಯ ಮೇಲೆ ಅರ್ಧ ದಾರಿ ಮುಗಿದು ನಮ್ಮ ಕ್ವೀನ್ಸ್ ಸಿಗುತ್ತದೆ. ಓಟ ಫ್ಲಶಿಂಗ್‌ವರೆಗೆ ಬರುವುದಿಲ್ಲ. ಲಾಂಗ್ ಐಲೆಂಡ್ ಸಿಟಿಯನ್ನು ಹಾದು ಕ್ವೀನ್ಸ್‌ಬರೋ ಸೇತುವೆಯ ಮೂಲಕ ಮ್ಯಾನ್‌ಹಾಟನ್ ಸೇರುತ್ತದೆ. ಇಪ್ಪತ್ತನೆಯ ಮೈಲಿಯ ಹತ್ತಿರ ವಿಲ್ಲಿಸ್ ಅವೆನ್ಯೂ ಸೇತುವೆ ದಾಟಿ ಬ್ರಾಂಕ್ಸ್ ಸೇರುವ ಹೊತ್ತಿಗೆ ನಿಜವಾದ ಪರೀಕ್ಷೆ. ಅಲ್ಲಿಂದ ಐದನೆಯ ಸೇತುವೆ ದಾಟಿ ಮ್ಯಾನ್‌ಹಾಟನ್ನಿಗೆ ಮರಳಿದರೆ ಸೆಂಟ್ರಲ್ ಪಾರ್ಕಿನಲ್ಲಿ ಮುಕ್ತಾಯ.

ಇಪ್ಪತ್ತನೆಯ ಮೈಲಿಯೇ ಏಕೆ? ಸ್ನಾಯು ಮತ್ತು ಪಿತ್ತಜನಕಾಂಗಗಳಲ್ಲಿ ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಸುಮಾರು 2,000 ಕ್ಯಾಲೊರಿಯಷ್ಟು. ಒಂದು ಮೈಲಿ ಓಡಲು ಸರಿಸುಮಾರು 100 ಕ್ಯಾಲೊರಿ ಬೇಕು. ಲೆಕ್ಕ ನೀವೇ ಹಾಕಿರಿ. ದೇಹದಲ್ಲಿ ಕೊಬ್ಬು ಬೇಕಾದಷ್ಟಿದ್ದರೂ ಅದು ನಿಧಾನವಾಗಿ ಉರಿಯುವ ಸೌದೆ. ಆದ್ದರಿಂದ ದಾರಿಯುದ್ದಕ್ಕೂ ಬಾಳೆಹಣ್ಣು, ಸಿಹಿ ಪಾನೀಯ ಮುಂತಾದವನ್ನು ಸ್ವಲ್ಪಸ್ವಲ್ಪವಾಗಿ ಸೇವಿಸಬೇಕು. ಆದರೆ ನೀರನ್ನು ಬಾಯಾರಿಕೆಗೆ ತಕ್ಕಷ್ಟೇ ಕುಡಿಯಬೇಕು. ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ಮೆದುಳು ಊದಿಕೊಳ್ಳಬಹುದು. 2002ರ ಬಾಸ್ಟನ್ ಓಟದಲ್ಲಿ ಪರೀಕ್ಷಿಸಿದ 488 ಮಂದಿಯಲ್ಲಿ ನೂರಕ್ಕೆ 13 ಮಂದಿಗೆ ಸೋಡಿಯಂ ಕಡಿಮೆಯಾಗಿತ್ತು. ನಿಧಾನವಾಗಿ ಓಡುವವರಿಗೇ ಈ ಅಪಾಯ ಹೆಚ್ಚು, ಏಕೆಂದರೆ ಕುಡಿಯಲು ಅವರಿಗೆ ಸಮಯ ಹೆಚ್ಚು.

ನಮ್ಮ ವಯಸ್ಸಿನವರು ಔಷಧಿಗಳ ವಿಷಯದಲ್ಲೂ ಗಮನವಿಡಬೇಕು. ಇನ್ಸುಲಿನ್ ಅಥವಾ ಕೆಲವು ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರಿಗೆ ಓಟದಲ್ಲಿ ಸಕ್ಕರೆ ಏಕಾಏಕಿ ಇಳಿಯಬಹುದು. ಜೇಬಿನಲ್ಲಿ ಸಕ್ಕರೆ ಇರಲಿ. ಬೀಟಾ ಬ್ಲಾಕರ್ ತೆಗೆದುಕೊಳ್ಳುವವರ ಹೃದಯ ಬಡಿತ ಅಷ್ಟಾಗಿ ಏರುವುದಿಲ್ಲವಾದ್ದರಿಂದ ಅವರು ಗಡಿಯಾರದ ಬಡಿತದ ಲೆಕ್ಕ ನಂಬಬಾರದು. ಪಕ್ಕದವರೊಡನೆ ಮಾತನಾಡುವಷ್ಟು ಉಸಿರು ಇದೆಯೇ ಎಂದು ನೋಡಿಕೊಳ್ಳಬೇಕು. ಓಟದ ದಿನ ಮಂಡಿನೋವಿಗೆಂದು ಐಬುಪ್ರೊಫೆನ್ ನುಂಗುವುದು ಮೂತ್ರಪಿಂಡಕ್ಕೆ ಒಳ್ಳೆಯದಲ್ಲ.

ಫ್ಲಶಿಂಗ್‌ನಲ್ಲೇ ಆರಂಭ

ಮೊದಲ ಮೂರು ತಿಂಗಳು ನಡಿಗೆ ಮಾತ್ರ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಬೌನ್ ಸ್ಟ್ರೀಟಿನ ಗಣೇಶ ದೇವಸ್ಥಾನಕ್ಕೆ ಕಾರಿನಲ್ಲಿ ಬಂದು ಪಾರ್ಕಿಂಗ್ ಹುಡುಕುವ ಬದಲು, 7ನೆಯ ನಂಬರಿನ ರೈಲಿನಲ್ಲಿ ಮೇನ್ ಸ್ಟ್ರೀಟಿಗೆ ಬಂದಿಳಿದು ನಡೆಯಿರಿ. ದರ್ಶನವೂ ಆಯಿತು, ವ್ಯಾಯಾಮವೂ ಆಯಿತು. ಕೆಳಗಿನ ಕ್ಯಾಂಟೀನಿನ ದೋಸೆಗೆ ಅರ್ಹತೆಯೂ ಬಂದೀತು! ಅನಂತರ ಕಿಸೀನಾ ಪಾರ್ಕಿನಲ್ಲೋ, 1939 ಮತ್ತು 1964ರ ವಿಶ್ವ ಮೇಳಗಳು ನಡೆದ ಫ್ಲಶಿಂಗ್ ಮೆಡೋಸ್ ಉದ್ಯಾನದಲ್ಲೋ ನಾಲ್ಕು ನಿಮಿಷ ನಡಿಗೆ, ಒಂದು ನಿಮಿಷ ಓಟ. ವಾರದ ಒಟ್ಟು ದೂರವನ್ನು ನೂರಕ್ಕೆ ಹತ್ತಕ್ಕಿಂತ ಹೆಚ್ಚು ಏರಿಸಬೇಡಿ. ವಾರಕ್ಕೆರಡು ದಿನ ಭಾರ ಎತ್ತುವ ವ್ಯಾಯಾಮವೂ ಇರಲಿ. ಸಸ್ಯಾಹಾರಿಗಳು ಬೇಳೆ, ಮೊಸರು, ಕಾಳುಗಳಿಂದ ಪ್ರೋಟೀನು ಸಾಕಷ್ಟು ಸಿಗುತ್ತಿದೆಯೇ ಎಂದು ನೋಡಿಕೊಂಡು, ಬಿ-12 ಮತ್ತು ವಿಟಮಿನ್ ಡಿ ಮಟ್ಟ ಪರೀಕ್ಷಿಸಿಕೊಳ್ಳಲಿ.

ಮೊದಲ ವರ್ಷ 5 ಕಿಲೋಮೀಟರ್, ಆಮೇಲೆ 10, ಎರಡನೆಯ ವರ್ಷ ಅರ್ಧ ಮ್ಯಾರಥಾನ್. ಇಷ್ಟಾದ ಮೇಲೂ ಮನಸ್ಸಿದ್ದರೆ, ದೇಹ ಒಪ್ಪಿದರೆ, ಪೂರ್ಣ ಮ್ಯಾರಥಾನ್. ಅಲ್ಲಿಯವರೆಗೆ ಹೋಗದಿದ್ದರೂ ನಷ್ಟವೇನಿಲ್ಲ. ಹೃದಯಕ್ಕೆ ಸಿಗಬೇಕಾದ ಲಾಭದ ಬಹುಭಾಗ ಆ ಎರಡು ವರ್ಷಗಳಲ್ಲಿ ಆಗಲೇ ಸಿಕ್ಕಿರುತ್ತದೆ. ನವೆಂಬರಿನ ಆ ಒಂದು ದಿನದ ಪದಕ ಬರಿಯ ರಸೀದಿ. ತಯಾರಿಯಿಲ್ಲದೆ ಆ ದಿನಕ್ಕಷ್ಟೇ ಹೋಗುವವರು ಹಣ ಕೊಡದೆ ರಸೀದಿ ಕೇಳಿದಂತೆ.

ಕೊನೆಯದಾಗಿ, ಓಡದೆ ಪಕ್ಕದಲ್ಲಿ ನಿಲ್ಲುವವರಿಗೂ ಒಂದು ಕೆಲಸವಿದೆ. ಕಳೆದ ದಶಕದಲ್ಲಿ ಓಟಗಳಲ್ಲಿ ಹೃದಯ ಸ್ತಂಭನದ ಪ್ರಮಾಣ ಇಳಿಯಲಿಲ್ಲ, ಆದರೆ ಸಾವಿನ ಪ್ರಮಾಣ ಹಿಂದಿನ ದಶಕದ ಅರ್ಧಕ್ಕೆ ಇಳಿಯಿತು. ಹತ್ತಿರವಿದ್ದವರು ತಡಮಾಡದೆ ಎದೆ ಒತ್ತಿದ್ದು, ವಿದ್ಯುತ್ ಆಘಾತ ಕೊಡುವ ಯಂತ್ರ ಕೂಡಲೇ ದೊರೆತದ್ದು ಇದಕ್ಕೆ ಮುಖ್ಯ ಕಾರಣ. ಯಾರಾದರೂ ಕುಸಿದು, ಕರೆದರೂ ಓಗೊಡದೆ, ಸರಿಯಾಗಿ ಉಸಿರಾಡದಿದ್ದರೆ 911ಕ್ಕೆ ಕರೆ ಮಾಡಿ, ಎದೆಯ ನಡುವೆ ಎರಡೂ ಅಂಗೈಗಳನ್ನಿಟ್ಟು ಎರಡು ಅಂಗುಲ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತಿರಿ. ಇದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು. ನಮ್ಮ ಮನೆಗಳಲ್ಲಿ ಹದಿವಯಸ್ಸು ದಾಟಿದ ಪ್ರತಿಯೊಬ್ಬರೂ ಇದನ್ನು ಕಲಿಯಲೆಂದು ಕೂಟದ ಮೂಲಕ ಕೋರುತ್ತೇನೆ. ಇದು ರಸ್ತೆಯ ಓಟಕ್ಕೆ ಮಾತ್ರವಲ್ಲ, ಯುಗಾದಿಯ ಊಟದ ಪಂಕ್ತಿಯಲ್ಲೂ ಬೇಕಾಗಬಹುದಾದ ವಿದ್ಯೆ.

"ಇವರಿಗೆ ಇದೆಲ್ಲ ಯಾಕೆ ಬೇಕು?" ಎಂದು ಕೇಳುವ ಸೋದರಿಯರಿಗೆ ನನ್ನ ಬಿನ್ನಹ ಇಷ್ಟೆ: ಅವರನ್ನು ತಡೆಯಬೇಡಿ, ನೀವೂ ಜೊತೆಗೆ ಹೊರಡಿ. ಹೃದ್ರೋಗ ಗಂಡಸರಿಗೆ ಮಾತ್ರ ಮೀಸಲಲ್ಲ, ಆರೋಗ್ಯವೂ ಅಲ್ಲ.