ಬಾಯಲ್ಲಿ ಕಚ್ಚಿ ಹಿಡಿದ ಗುಂಡುಸೂಜಿ

ಸ್ಕಾರ್ಫ್ ಕಟ್ಟಿಕೊಳ್ಳುತ್ತಿರುವ ಹುಡುಗಿಯನ್ನು ಒಮ್ಮೆ ಗಮನಿಸಿ. ಒಂದು ಕೈ ಗಲ್ಲದ ಕೆಳಗೆ ಬಟ್ಟೆಯನ್ನು ಹಿಡಿದಿರುತ್ತದೆ, ಇನ್ನೊಂದು ಕೈ ಮಡಿಕೆ ಸರಿಪಡಿಸುತ್ತಿರುತ್ತದೆ. ಹಾಗಾದರೆ ಗುಂಡುಸೂಜಿ ಎಲ್ಲಿ? ತುಟಿಗಳ ನಡುವೆ! ಕೆಲವೊಮ್ಮೆ ಒಂದಲ್ಲ, ಎರಡು ಮೂರು. ಅಷ್ಟರಲ್ಲಿ ಹೊರಗಿನಿಂದ "ಬಸ್ಸು ಬಂತು, ಇನ್ನೂ ಆಗ್ಲಿಲ್ವಾ?" ಎಂಬ ಕೂಗು. ಉತ್ತರಿಸಲೆಂದು ಬಾಯಿ ತೆರೆದು ಉಸಿರೆಳೆದುಕೊಂಡರೆ ಸಾಕು, ಸೂಜಿ ಒಳಗೆ ಹೋಗಿಬಿಡುತ್ತದೆ. ನಗು, ಸೀನು, ಕೆಮ್ಮು ಬಂದರೂ ಅಷ್ಟೇ.

ಇದು ಹೆದರಿಸಲು ಹೇಳುವ ಮಾತಲ್ಲ. ಟರ್ಕಿ, ಈಜಿಪ್ಟ್, ಮಲೇಶ್ಯಾ ಮುಂತಾದ ದೇಶಗಳ ವೈದ್ಯರು ಇಂತಹ ಪ್ರಕರಣಗಳನ್ನು ವೈದ್ಯಕೀಯ ಪತ್ರಿಕೆಗಳಲ್ಲಿ ವರ್ಷಗಳಿಂದ ದಾಖಲಿಸುತ್ತಾ ಬಂದಿದ್ದಾರೆ. ಇದಕ್ಕೆ ತುತ್ತಾಗುವವರಲ್ಲಿ ಹೆಚ್ಚಿನವರು ಹದಿಹರೆಯದ ಹೆಣ್ಮಕ್ಕಳು ಮತ್ತು ತರುಣಿಯರು. ಹೊಲಿಗೆ ಕೆಲಸ ಮಾಡುವವರಿಗೂ ಈ ಅಭ್ಯಾಸವಿದೆ.

ಸೂಜಿಯ ಮಣಿಯಿರುವ ತುದಿ ಭಾರವಾದುದರಿಂದ ಸಾಮಾನ್ಯವಾಗಿ ಅದೇ ಮೊದಲು ಕೆಳಗಿಳಿಯುತ್ತದೆ. ಮೊನೆ ಮೇಲ್ಮುಖವಾಗಿ ಉಳಿಯುತ್ತದೆ. ಕೆಮ್ಮಿದರೆ ಹೊರಬರುವ ಬದಲು ಮೊನೆಯು ಶ್ವಾಸನಾಳದ ಗೋಡೆಗೆ ಚುಚ್ಚಿಕೊಳ್ಳುತ್ತದೆ. ಇನ್ನೂ ಮೋಸದ ಸಂಗತಿಯೆಂದರೆ, ಸಪೂರವಾದ ಸೂಜಿ ಗಾಳಿಯನ್ನು ತಡೆಯುವುದಿಲ್ಲ. ಮೊದಲು ಜೋರಾಗಿ ಬಂದ ಕೆಮ್ಮು ಸ್ವಲ್ಪ ಹೊತ್ತಿನಲ್ಲಿ ನಿಂತೂ ಹೋಗಬಹುದು. ಹುಡುಗಿ ಆರಾಮವಾಗಿ ಉಸಿರಾಡುತ್ತಾಳೆ, ಮಾತಾಡುತ್ತಾಳೆ. ಬೈಗುಳಕ್ಕೆ ಹೆದರಿ ವಿಷಯ ಮುಚ್ಚಿಡುವವರೂ ಇದ್ದಾರೆ. ಆದರೆ ಒಳಗುಳಿದ ಸೂಜಿಯಿಂದ ಮುಂದೆ ಬಿಡದ ಕೆಮ್ಮು, ಕಫದಲ್ಲಿ ರಕ್ತ, ನ್ಯುಮೋನಿಯಾ ಕಾಣಿಸಿಕೊಳ್ಳಬಹುದು. ಆದ್ದರಿಂದ ತಾಯಂದಿರೇ, "ಉಮ್ಮಾ, ಪಿನ್ ನುಂಗಿದೆ" ಎಂದು ಮಗಳು ಬಂದು ಹೇಳಿದರೆ ಗದರಬೇಡಿ. ಹೇಳಿದಳಲ್ಲಾ ಎಂದು ಸಮಾಧಾನಪಡಿ.

ಮೀನಿನ ಮುಳ್ಳು ಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನದ ಉಂಡೆ ಅಥವಾ ಬಾಳೆಹಣ್ಣು ನುಂಗಿಸುವ ರೂಢಿ ನಮ್ಮ ಮನೆಗಳಲ್ಲಿದೆ. ಸೂಜಿಗೆ ಆ ಮದ್ದು ಖಂಡಿತ ಬೇಡ. ಶ್ವಾಸನಾಳಕ್ಕೆ ಹೋಗಿದ್ದರೆ ಅದರಿಂದ ಏನೂ ಪ್ರಯೋಜನವಿಲ್ಲ, ಅನ್ನನಾಳದಲ್ಲಿದ್ದರೆ ಇನ್ನಷ್ಟು ಚುಚ್ಚೀತು. ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸುವುದೂ ಅಪಾಯಕಾರಿ. ಉಸಿರಾಡುತ್ತಾ ಮಾತಾಡುತ್ತಿರುವವಳ ಬೆನ್ನಿಗೆ ಗುದ್ದಬೇಡಿ. ಕೂರಿಸಿಕೊಂಡೇ ಆಸ್ಪತ್ರೆಗೆ ಕರೆದೊಯ್ಯಿರಿ. ಅರಿವಳಿಕೆ ಕೊಡಬೇಕಾಗಿ ಬರಬಹುದಾದುದರಿಂದ ದಾರಿಯಲ್ಲಿ ನೀರನ್ನೂ ಕೊಡಬೇಡಿ.

ಲೋಹದ ಸೂಜಿ ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಎದೆಯ ಜೊತೆಗೆ ಕುತ್ತಿಗೆ ಮತ್ತು ಹೊಟ್ಟೆಯದ್ದೂ ತೆಗೆದರೆ ಅದು ಎಲ್ಲಿದೆ ಎಂಬುದು ಖಚಿತವಾಗುತ್ತದೆ. ಶ್ವಾಸನಾಳದಲ್ಲಿದ್ದರೆ ಬಾಯಿಯ ಮೂಲಕ ಕೊಳವೆ ಇಳಿಸಿ ಹೊರತೆಗೆಯುತ್ತಾರೆ. ಇದಕ್ಕೆ ಬ್ರಾಂಕೋಸ್ಕೋಪಿ ಎನ್ನುತ್ತಾರೆ. ಹೆಚ್ಚಿನವರಿಗೆ ಇಷ್ಟೇ ಸಾಕಾಗುತ್ತದೆ. ತಡವಾದರೆ ಸೂಜಿ ಇನ್ನೂ ಕೆಳಗೆ ಸರಿದು ಅಥವಾ ಸುತ್ತ ಮಾಂಸ ಬೆಳೆದು ಎದೆಯನ್ನೇ ತೆರೆಯಬೇಕಾದ ಪ್ರಸಂಗವೂ ಬರುತ್ತದೆ.

ತಡೆಯುವ ದಾರಿಯೋ ತೀರಾ ಸುಲಭ! ಕನ್ನಡಿಯ ಪಕ್ಕದಲ್ಲಿ ಒಂದು ಸ್ಪಂಜಿನ ತುಂಡನ್ನೋ ಹತ್ತಿ ತುಂಬಿದ ಪುಟ್ಟ ದಿಂಬನ್ನೋ ತೂಗುಹಾಕಿ ಸೂಜಿಗಳನ್ನು ಅದಕ್ಕೇ ಚುಚ್ಚಿಡಿ. ಮದ್ರಸಕ್ಕೆ ಹೋಗುವ ಚಿಕ್ಕ ಮಕ್ಕಳಿಗೆ ಸೂಜಿಯೇ ಬೇಡದ, ತಲೆಯಿಂದ ಇಳಿಸಿಕೊಳ್ಳುವ ಹೊಲಿದ ಸ್ಕಾರ್ಫ್ ಒಳ್ಳೆಯದು. ಮಕ್ಕಳು ಕಲಿಯುವುದು ನಮ್ಮನ್ನು ನೋಡಿಯೇ. ಬಾಯಲ್ಲಿ ಸೂಜಿ ಕಚ್ಚಿಕೊಂಡು "ಬಾಯಲ್ಲಿಡಬೇಡ" ಎನ್ನುವ ಉಮ್ಮನ ಮಾತನ್ನು ಯಾವ ಮಗಳು ಕೇಳಿಯಾಳು?

ಅಂಗಡಿಗಳಲ್ಲಿ ಅಯಸ್ಕಾಂತದ ಪಿನ್ನುಗಳೂ ಸಿಗುತ್ತವೆ. ಮೊನೆಯಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಪುಟ್ಟ ಮಗು ಅಂತಹ ಎರಡು ತುಂಡುಗಳನ್ನು ನುಂಗಿದರೆ ಅವು ಕರುಳಿನ ಎರಡು ಸುರುಳಿಗಳ ನಡುವೆ ಒಂದನ್ನೊಂದು ಸೆಳೆದುಕೊಂಡು ಕರುಳನ್ನೇ ತೂತು ಮಾಡಬಲ್ಲವು. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಅವು ಬೇಡವೆಂದೇ ನನ್ನ ಅಭಿಪ್ರಾಯ.

ಪಿನ್ನಿನ ಮಾತಾಯಿತು, ಇನ್ನು ಇಳಿಬಿಟ್ಟ ತುದಿಯದ್ದು. ಪ್ರಸಿದ್ಧ ನರ್ತಕಿ ಇಸಡೋರಾ ಡಂಕನ್ 1927ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ತೀರಿಕೊಂಡದ್ದು ಕೊರಳಿನ ಉದ್ದದ ಸ್ಕಾರ್ಫ್ ಕಾರಿನ ಚಕ್ರಕ್ಕೆ ಸುತ್ತಿಕೊಂಡು. ನಮ್ಮಲ್ಲಿ ಬೈಕಿನ ಹಿಂದೆ ಕುಳಿತವರ ದುಪಟ್ಟಾ, ಬುರ್ಖಾ, ಸೀರೆಯ ಸೆರಗು ಹೀಗೆಯೇ ಸಿಕ್ಕಿಬೀಳುತ್ತವೆ. ಹಿಂಬದಿ ಸವಾರರ ಉಡುಪು ಸಿಲುಕದಂತೆ ಹಿಂದಿನ ಚಕ್ರದ ಅರ್ಧಕ್ಕಿಂತ ಕಡಿಮೆಯಾಗದಷ್ಟು ಭಾಗಕ್ಕೆ ರಕ್ಷಣೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಅದೇ ಸಾರಿ ಗಾರ್ಡ್. ಚೆಂದ ಕಾಣುವುದಿಲ್ಲವೆಂದು ಅದನ್ನು ಬಿಚ್ಚಿಸಿಹಾಕುವ ತಮ್ಮಂದಿರಿಗೆ, ಮಕ್ಕಳಿಗೆ ಈ ಮಾತು ತಿಳಿಸಿ. ಗಾರ್ಡ್ ಇದ್ದರೂ ಹತ್ತುವ ಮೊದಲು ತುದಿಗಳನ್ನು ಒಟ್ಟುಮಾಡಿ ಮಡಿಲಲ್ಲಿಟ್ಟು ಕುಳಿತುಕೊಳ್ಳಿ. ಗ್ಯಾಸ್ ಒಲೆಯ ಮುಂದೆ ನಿಲ್ಲುವಾಗಲೂ ತುದಿ ಹಿಂದಕ್ಕಿರಲಿ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಅಡುಗೆಮನೆಯ ಮಟ್ಟಿಗೆ ಮೈಗಂಟಿದ ಹತ್ತಿಬಟ್ಟೆಯೇ ವಾಸಿ.