ನಿಲ್ದಾಣ ಒಂದು, ಯಜಮಾನರು ಇಬ್ಬರು: ಟೋಕಿಯೋದ ಅಯಾಸೆ

ಮುಂಬಯಿಯಲ್ಲಿ ನೆಲೆಸಿರುವ ಕನ್ನಡಿಗರಿಗೆ ದಾದರ್ ನಿಲ್ದಾಣದ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಪಶ್ಚಿಮ ರೈಲ್ವೆ ಹಾಗೂ ಮಧ್ಯ ರೈಲ್ವೆ ಎಂಬ ಎರಡು ವಲಯಗಳ ಗಾಡಿಗಳು ಅಲ್ಲಿ ಅಕ್ಕಪಕ್ಕದಲ್ಲಿ ಬಂದು ನಿಲ್ಲುತ್ತವೆ. ಮೇಲ್ಸೇತುವೆಯನ್ನು ಹತ್ತಿ ಇಳಿದರೆ ಒಂದು ವಲಯದಿಂದ ಇನ್ನೊಂದಕ್ಕೆ ಬಂದಂತಾಯಿತು. ಎರಡೂ ಭಾರತೀಯ ರೈಲ್ವೆಯೆಂಬ ಅವಿಭಕ್ತ ಕುಟುಂಬದ ಸದಸ್ಯರಾದ್ದರಿಂದ ಟಿಕೆಟು ಒಂದೇ. ಯಾರ ಹಳಿಯ ಮೇಲೆ ಎಷ್ಟು ದೂರ ಬಂದೆವೆಂಬುದು ನಮ್ಮ ತಲೆನೋವಲ್ಲ. ಘಾಟ್ಕೋಪರ್‌ನಲ್ಲಿ ಲೋಕಲ್ ಇಳಿದು ಮೆಟ್ರೋ ಹತ್ತುವವರಿಗೆ ಈ ಸುಖವಿಲ್ಲ. ಅಲ್ಲಿ ಸಂಸ್ಥೆ ಬೇರೆ, ದರ ಬೇರೆ, ರೈಲೂ ಬೇರೆ.

ಈ ಎರಡಕ್ಕೂ ಸೇರದ ಮೂರನೆಯ ಬಗೆಯೊಂದು ಜಪಾನಿನಲ್ಲಿದೆ. ಅಲ್ಲಿ ಸಂಸ್ಥೆಗಳು ಎರಡು, ದರಪಟ್ಟಿಗಳು ಎರಡು, ಆದರೆ ರೈಲು ಒಂದೇ. ಟೋಕಿಯೋ ಮಹಾನಗರದ ಈಶಾನ್ಯ ಅಂಚಿನಲ್ಲಿರುವ ಅದಾಚಿ ವಾರ್ಡಿನ ಅಯಾಸೆ ನಿಲ್ದಾಣ ಇದಕ್ಕೊಂದು ಸೊಗಸಾದ ಉದಾಹರಣೆ. ಬ್ಯಾಂಕಿನ ಕ್ಲಿಯರಿಂಗ್ ವಿಭಾಗದಲ್ಲಿ ಹಲವು ವರ್ಷ ಕುಳಿತು ಯಾರ ಹಣ ಯಾರಿಗೆ ಸಲ್ಲಬೇಕೆಂದು ಲೆಕ್ಕ ಹಾಕಿದ ನನ್ನಂಥವನಿಗೆ ಈ ನಿಲ್ದಾಣದ ವ್ಯವಹಾರವು ಕಾದಂಬರಿಗಿಂತ ಹೆಚ್ಚು ಕುತೂಹಲಕರವಾಗಿ ಕಂಡಿತು.

ಅಯಾಸೆ ಎತ್ತರದ ಕಟ್ಟೆಯ ಮೇಲಿರುವ, ನೋಡಲು ತೀರ ಸಾಧಾರಣವಾದ ನಿಲ್ದಾಣ. ಪೂರ್ವದಿಂದ, ಚಿಬಾ ಪ್ರಾಂತ್ಯದ ಅಬಿಕೊ, ಕಾಶಿವಾ, ಮಾತ್ಸುದೊ ಪಟ್ಟಣಗಳ ಕಡೆಯಿಂದ, ಪೂರ್ವ ಜಪಾನ್ ರೈಲ್ವೆ ಕಂಪನಿಯ ಜೋಬಾನ್ ಮಾರ್ಗದ ಲೋಕಲ್ ಗಾಡಿ ಬಂದು ನಿಲ್ಲುತ್ತದೆ. ಪ್ರಯಾಣಿಕರಾರೂ ಗಾಡಿ ಬದಲಿಸಬೇಕಾಗಿಲ್ಲ. ಬದಲಾಗುವವರು ಗಾಡಿ ನಡೆಸುವ ಸಿಬ್ಬಂದಿ ಮಾತ್ರ. ರೈಲ್ವೆ ಕಂಪನಿಯವರು ಕೆಳಗಿಳಿಯುತ್ತಾರೆ, ಟೋಕಿಯೋ ಮೆಟ್ರೋ ಸಂಸ್ಥೆಯವರು ಅದೇ ಗಾಡಿಯನ್ನು ಏರುತ್ತಾರೆ. ಅಲ್ಲಿಂದ ಮುಂದೆ ಆ ಗಾಡಿಗೆ ಚಿಯೋದಾ ಮಾರ್ಗದ ಸುರಂಗ ರೈಲು ಎಂದು ಹೆಸರು. ಅರಕಾವಾ ನದಿಯನ್ನು ದಾಟಿ, ನೆಲದೊಳಗೆ ಇಳಿದು, ಕಿತಾ-ಸೆಂಜು ನಿಲ್ದಾಣದ ಮೂಲಕ ಊರಿನ ನಡುಮಧ್ಯದ ಓತೆಮಾಚಿಗೆ, ಅಂದರೆ ದೊಡ್ಡ ಬ್ಯಾಂಕುಗಳ ಕಚೇರಿಗಳಿರುವ ಬಡಾವಣೆಗೆ, ಹೋಗುತ್ತದೆ. ನಿಲ್ದಾಣದ ಆಡಳಿತ ಮೆಟ್ರೋ ಸಂಸ್ಥೆಯದು. ಪೂರ್ವಕ್ಕೆ ಹೊರಟ ಹಳಿ ರೈಲ್ವೆ ಕಂಪನಿಯದು.

ಇಂಥ ಸಹಸಂಚಾರ ಟೋಕಿಯೋದಲ್ಲಿ ಮೊದಲಾದದ್ದು 1960ರಲ್ಲಿ, ನಗರಸಭೆಯ ಅಸಾಕುಸಾ ಮಾರ್ಗ ಮತ್ತು ಕೇಸೇ ಎಂಬ ಖಾಸಗಿ ರೈಲ್ವೆಗಳ ನಡುವೆ. 1962ರಲ್ಲಿ ಹಿಬಿಯಾ ಮಾರ್ಗ ತೋಬು ರೈಲ್ವೆಯೊಂದಿಗೆ ಕೂಡಿಕೊಂಡಿತು. ಇದರ ಹಿಂದಿನ ವಿಚಾರ ಸರಳವಾದದ್ದು. ಉಪನಗರದ ಗಾಡಿಗಳೆಲ್ಲ ಊರಂಚಿನ ಟರ್ಮಿನಸ್ಸಿನಲ್ಲಿ ಜನರನ್ನು ಸುರಿದು, ಆ ಜನರೆಲ್ಲ ಅಲ್ಲಿ ಮತ್ತೊಂದು ರೈಲಿಗೆ ಮುಗಿಬೀಳುವ ಬದಲು, ಉಪನಗರದ ಗಾಡಿಯೇ ಸುರಂಗವನ್ನು ಹೊಕ್ಕು ಊರೊಳಗೆ ಹೋಗಲಿ ಎಂಬುದು. ಹೇಳುವಷ್ಟು ಸುಲಭದ ಕೆಲಸವಲ್ಲ. ಎರಡೂ ಕಡೆಯ ಹಳಿಗಳ ಅಂತರ ಒಂದೇ ಆಗಿರಬೇಕು. ವಿದ್ಯುತ್ತಿನ ಒತ್ತಡ, ಅದನ್ನು ಪಡೆಯುವ ವಿಧಾನ, ಬೋಗಿಗಳ ಉದ್ದ, ಬಾಗಿಲುಗಳ ಸ್ಥಾನ, ಸಿಗ್ನಲ್ ವ್ಯವಸ್ಥೆ ಎಲ್ಲವೂ ಹೊಂದಬೇಕು. ಟೋಕಿಯೋದ ಹಳೆಯ ಸುರಂಗ ಮಾರ್ಗಗಳಾದ ಗಿಂಜಾ, ಮಾರುನೊಉಚಿಗಳಲ್ಲಿ ಹಳಿಯಂತರ 1435 ಮಿಲಿಮೀಟರ್; ವಿದ್ಯುತ್ತು ಪಕ್ಕದ ಮೂರನೆಯ ಹಳಿಯಿಂದ 600 ವೋಲ್ಟ್. ಅವು ಯಾರೊಂದಿಗೂ ಕೂಡಲಾರದೆ ಇಂದಿಗೂ ಒಂಟಿಯಾಗಿಯೇ ಓಡುತ್ತಿವೆ. ಚಿಯೋದಾ ಮಾರ್ಗವನ್ನು ಮಾತ್ರ ಮೊದಲಿನಿಂದಲೇ ರಾಷ್ಟ್ರೀಯ ರೈಲ್ವೆಗೆ ಹೊಂದುವಂತೆ 1067 ಮಿಲಿಮೀಟರ್ ಅಂತರದ ಹಳಿ, ಮೇಲಿನ ತಂತಿಯಲ್ಲಿ 1500 ವೋಲ್ಟ್ ಇಟ್ಟು ಕಟ್ಟಿದರು. ಒಂದು ಬಗೆಯಲ್ಲಿ ಜಾತಕ ಹೊಂದಿಸಿಯೇ ಹುಟ್ಟಿಸಿದ ಮಾರ್ಗ.

ಅರವತ್ತರ ದಶಕದಲ್ಲಿ ಜೋಬಾನ್ ಮಾರ್ಗದ ಜನಸಂದಣಿ ಮಿತಿಮೀರಿತ್ತು. ಟೋಕಿಯೋದಲ್ಲಿ ಮನೆ ಸಿಗದವರು ಚಿಬಾದ ಹೊಸ ವಸತಿ ಸಮುಚ್ಚಯಗಳಿಗೆ ಹೋಗಿ ನೆಲೆಸಿ, ಬೆಳಿಗ್ಗೆ ಉಎನೊ ಟರ್ಮಿನಸ್ಸಿಗೆ ಬರುತ್ತಿದ್ದರು. ದೂರದ ಊರುಗಳ ಎಕ್ಸ್‌ಪ್ರೆಸ್, ಸರಕಿನ ಗಾಡಿ, ಲೋಕಲ್ ಎಲ್ಲವೂ ಅದೇ ಜೋಡಿ ಹಳಿಗಳ ಮೇಲೆ. ಆಗ ಜಪಾನಿನ ರಾಷ್ಟ್ರೀಯ ರೈಲ್ವೆಯು ಟೋಕಿಯೋಗೆ ಬರುವ ಐದು ದಿಕ್ಕಿನ ಮಾರ್ಗಗಳನ್ನು ಏಕಕಾಲಕ್ಕೆ ವಿಸ್ತರಿಸುವ ದೊಡ್ಡ ಯೋಜನೆಯನ್ನು ಕೈಗೊಂಡಿತು. ಜೋಬಾನ್ ಮಾರ್ಗದಲ್ಲಿ ಅಯಾಸೆಯಿಂದ ಅಬಿಕೊವರೆಗೆ ಎರಡು ಹಳಿಗಳನ್ನು ನಾಲ್ಕು ಮಾಡಿ, ವೇಗದ ಗಾಡಿಗೆ ಒಂದು ಜೋಡಿ, ಲೋಕಲ್‌ಗೆ ಒಂದು ಜೋಡಿ ಎಂದು ಬೇರ್ಪಡಿಸುವುದೆಂದಾಯಿತು. ಅಯಾಸೆಯಿಂದ ಒಳಗೆ, ಮನೆಗಳು ಒತ್ತಾಗಿ ತುಂಬಿದ್ದ ಬಡಾವಣೆಗಳಲ್ಲಿ, ನಾಲ್ಕು ಹಳಿ ಹಾಕುವ ಗೋಜಿಗೆ ಹೋಗದೆ ಲೋಕಲ್ ಗಾಡಿಗಳನ್ನು ಚಿಯೋದಾ ಸುರಂಗಕ್ಕೆ ಹೊಗಿಸುವುದೆಂದು ತೀರ್ಮಾನವಾಯಿತು. 1943ರಲ್ಲಿ ತೆರೆದಿದ್ದ ಅಯಾಸೆ ನಿಲ್ದಾಣವನ್ನು ಸ್ವಲ್ಪ ಪೂರ್ವಕ್ಕೆ ಸರಿಸಿ ಹೊಸದಾಗಿ ಕಟ್ಟಲಾಯಿತು. 1971ರ ಏಪ್ರಿಲ್ 20ರಂದು ಸಹಸಂಚಾರ ಆರಂಭವಾಯಿತು.

ಪ್ರಯಾಣಿಕರ ಗೋಳು ಆರಂಭವಾದದ್ದೂ ಅದೇ ದಿನ.

ಕಿತಾ-ಸೆಂಜು ಬಿಟ್ಟರೆ ಮಾತ್ಸುದೊದವರೆಗೆ ವೇಗದ ಗಾಡಿ ಎಲ್ಲಿಯೂ ನಿಲ್ಲುವುದಿಲ್ಲ. ನಡುವಿನ ಅಯಾಸೆ, ಕಮೆಆರಿ, ಕನಮಾಚಿ ಎಂಬ ಮೂರು ನಿಲ್ದಾಣಗಳಿಗೆ ಲೋಕಲ್ ಒಂದೇ ಗತಿ. ನಿನ್ನೆಯವರೆಗೆ ಕಮೆಆರಿಯಲ್ಲಿ ಗಾಡಿ ಹತ್ತಿದವರು ನೇರವಾಗಿ ಉಎನೊಗೆ ಹೋಗಿ ಇಳಿಯುತ್ತಿದ್ದರು. ಇಂದಿನಿಂದ ಅದೇ ಗಾಡಿ ಅವರನ್ನು ಸುರಂಗಕ್ಕೆ ಒಯ್ಯತೊಡಗಿತು. ಉಎನೊಗೆ ಹೋಗಬೇಕಾದವರು ಕಿತಾ-ಸೆಂಜುವಿನಲ್ಲಿ ನೆಲಮಾಳಿಗೆಯ ಪ್ಲಾಟ್‌ಫಾರ್ಮಿನಲ್ಲಿ ಇಳಿದು, ನೂಕುನುಗ್ಗಲಿನಲ್ಲಿ ಮೆಟ್ಟಿಲು ಹತ್ತಿ, ಮೇಲಿನ ವೇಗದ ಗಾಡಿಯನ್ನು ಹಿಡಿಯಬೇಕು. ಹತ್ತದೆ ಕುಳಿತಲ್ಲಿಯೇ ಕುಳಿತರೆ ಗಾಡಿ ನಿಶಿ-ನಿಪ್ಪೊರಿಗೆ ಹೋಗುತ್ತದೆ. ನಗರವನ್ನು ಸುತ್ತುವ ಯಾಮಾನೊತೆ ಮಾರ್ಗಕ್ಕೆ ಅಲ್ಲಿ ಹೊಸದೊಂದು ನಿಲ್ದಾಣವನ್ನು ಅದೇ ಏಪ್ರಿಲ್ 20ರಂದು ತೆರೆದಿದ್ದರು. ಸೌಕರ್ಯವೇನೋ ಆಯಿತು, ಆದರೆ ಅದಕ್ಕೊಂದು ಬೆಲೆಯಿತ್ತು. ಕಮೆಆರಿಯಿಂದ ಹೊರಟು ನಿಶಿ-ನಿಪ್ಪೊರಿಯಲ್ಲಿ ಯಾಮಾನೊತೆ ಹಿಡಿದು ಇಕೆಬುಕುರೊಗೆ ಹೋಗುವವರ ದಾರಿಯಲ್ಲಿ ಮೊದಲು ರಾಷ್ಟ್ರೀಯ ರೈಲ್ವೆ, ನಡುವೆ ಸುರಂಗ ರೈಲು ಸಂಸ್ಥೆ, ಕೊನೆಗೆ ಮತ್ತೆ ರಾಷ್ಟ್ರೀಯ ರೈಲ್ವೆ. ಮೊದಲು ಒಂದೇ ಸಂಸ್ಥೆಯ ದರದಲ್ಲಿ ಮುಗಿಯುತ್ತಿದ್ದ ಪ್ರಯಾಣಕ್ಕೆ ನಡುವಿನ ತುಂಡಿನ ದರವೂ ಸೇರಿಕೊಂಡಿತು. ದೂರ ಹೆಚ್ಚಲಿಲ್ಲ, ಗಾಡಿಯೂ ಬದಲಾಗಲಿಲ್ಲ. ಹಳಿಯ ಒಡೆಯ ಮಾತ್ರ ಬದಲಾದ.

ಜಪಾನೀಯರು ಇದಕ್ಕೆ ‘ಮೇವಾಕು ನೊರಿಇರೆ’ ಎಂದು ಹೆಸರಿಟ್ಟರು. ‘ಉಪದ್ರವದ ಸಹಸಂಚಾರ’ ಎಂದು ಕನ್ನಡಿಸಬಹುದು. ದೂರುವುದರಲ್ಲಿ ಸಂಕೋಚಪಡುವ ಜನವೆಂದು ನಾವು ತಿಳಿದುಕೊಂಡಿರುವ ಜಪಾನೀಯರ ಬಾಯಿಂದ ಇಂಥ ಮಾತು ಹೊರಟಿತೆಂದರೆ ಉಪದ್ರವ ಸಣ್ಣದಾಗಿರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಅವರ ದೂರು ನ್ಯಾಯವಾದದ್ದೇ. ಓತೆಮಾಚಿಯಲ್ಲಿ ಕೆಲಸವಿದ್ದ ಚಿಬಾದವರಿಗೆ ಈ ಯೋಜನೆ ವರವಾಯಿತು, ರೈಲ್ವೆಗೆ ಭೂಸ್ವಾಧೀನದ ವೆಚ್ಚ ಉಳಿಯಿತು. ಆ ಉಳಿತಾಯದ ಒಂದಂಶವನ್ನು ಪ್ರತಿ ತಿಂಗಳೂ ಪಾಸಿನ ಹಣದಲ್ಲಿ ತೆತ್ತವರು ಕಮೆಆರಿ, ಕನಮಾಚಿಯ ನಿವಾಸಿಗಳು.

ಅಯಾಸೆಯವರದು ಇನ್ನೂ ಸೂಕ್ಷ್ಮವಾದ ಪ್ರಶ್ನೆ. ಅಯಾಸೆಗೂ ಕಿತಾ-ಸೆಂಜುವಿಗೂ ನಡುವಿನ ಸುಮಾರು ಎರಡೂವರೆ ಕಿಲೋಮೀಟರ್ ದೂರದಲ್ಲಿ ಲೋಕಲ್ ಓಡುವ ಹಳಿ ಮೆಟ್ರೋದವರದು. ರೈಲ್ವೆ ಕಂಪನಿಯ ವೇಗದ ಗಾಡಿಗಳು ಪಕ್ಕದ ಹಳಿಗಳಲ್ಲಿ ಅಯಾಸೆಯನ್ನು ನೋಡಿಯೂ ನೋಡದಂತೆ ದಾಟಿಹೋಗುತ್ತವೆ. ಹಾಗಾದರೆ ಅಯಾಸೆಯಿಂದ ಉಎನೊಗೆ ಹೋಗುವವರು ಒಂದು ನಿಲ್ದಾಣದ ಮಟ್ಟಿಗೆ ಮೆಟ್ರೋಗೆ ಹಣ ತೆತ್ತು, ಆಮೇಲೆ ರೈಲ್ವೆಗೆ ಬೇರೆಯಾಗಿ ತೆರಬೇಕೇ? ಹಾಗಾದರೆ ಕನಿಷ್ಠ ದರವನ್ನು ಎರಡು ಬಾರಿ ಕೊಟ್ಟಂತೆ. ಇದನ್ನು ತಪ್ಪಿಸಲು ಒಂದು ವಿಶೇಷ ನಿಯಮ ಮಾಡಿದ್ದಾರೆ. ಈ ತುಂಡನ್ನು ಎರಡೂ ಸಂಸ್ಥೆಗಳು ದರದ ಮಟ್ಟಿಗೆ ತಮ್ಮದೆಂದೇ ಎಣಿಸುತ್ತವೆ. ಪ್ರಯಾಣಿಕರು ಕಿತಾ-ಸೆಂಜುವಿನಿಂದ ಮುಂದೆ ಮೆಟ್ರೋದಲ್ಲಿಯೇ ಸಾಗಿದರೆ ಇಡೀ ಪ್ರಯಾಣ ಮೆಟ್ರೋ ದರದಲ್ಲಿ; ಅಲ್ಲಿ ರೈಲ್ವೆಯ ಗಾಡಿಗೆ ಬದಲಿಸಿದರೆ ಇಡೀ ಪ್ರಯಾಣ ರೈಲ್ವೆ ದರದಲ್ಲಿ. ಈ ಎರಡು ನಿಲ್ದಾಣಗಳ ನಡುವೆ ಮಾತ್ರ ಸಂಚರಿಸುವವರಿಗೆ, ಹತ್ತುವುದು ಮೆಟ್ರೋ ಹಳಿಯ ಗಾಡಿಯನ್ನಾದರೂ, ರೈಲ್ವೆಯ ಕನಿಷ್ಠ ದರ. ಹಳಿ ಒಬ್ಬರದು, ದರ ಇನ್ನೊಬ್ಬರದು! ಕಿತಾ-ಸೆಂಜುವಿನಲ್ಲಿ ಈ ಎರಡು ಮಾರ್ಗಗಳ ನಡುವೆ ಟಿಕೆಟು ತಪಾಸಣೆಯ ಗೇಟು ಇಲ್ಲದಿರುವುದು ಏಕೆಂದು ಇದರಿಂದ ಅರ್ಥವಾಗುತ್ತದೆ. ಒಂದೇ ಪ್ರಯಾಣವೆಂದು ಎಣಿಸಿದ ಮೇಲೆ ನಡುವೆ ಗೇಟು ಹಾಕುವಂತಿಲ್ಲ. ಆದರೆ ಈ ಔದಾರ್ಯವು ನಿಶಿ-ನಿಪ್ಪೊರಿಯವರೆಗೆ ಚಾಚುವುದಿಲ್ಲ.

ಇನ್ನು ಬೋಗಿಗಳ ಬಾಡಿಗೆ. ರೈಲ್ವೆ ಕಂಪನಿಯ ಗಾಡಿ ಮೆಟ್ರೋ ಹಳಿಯ ಮೇಲೆ ಓಡಿದಾಗ ಅದರ ದುಡಿಮೆ ಮೆಟ್ರೋ ಸಂಸ್ಥೆಗೆ ಸಲ್ಲುತ್ತದೆ. ಆದ್ದರಿಂದ ಗಾಡಿಯ ಒಡೆಯನಿಗೆ ಬಾಡಿಗೆ ಬರಬೇಕು. ಮೆಟ್ರೋ ಗಾಡಿ ಅಬಿಕೊ ಕಡೆಗೆ ಓಡಿದಾಗ ಇದರ ವಿಲೋಮ. ಪ್ರತಿ ಓಟಕ್ಕೂ ಹಣ ಎಣಿಸುತ್ತ ಕುಳಿತರೆ ಗುಮಾಸ್ತರ ಸಂಬಳಕ್ಕೇ ಸಾಲದು. ಅದಕ್ಕೆ ಅವರು ಕಂಡುಕೊಂಡ ಉಪಾಯ ನಮ್ಮ ಕ್ಲಿಯರಿಂಗ್ ಹೌಸಿನದೇ. ಯಾರ ಬೋಗಿ ಯಾರ ಹಳಿಯ ಮೇಲೆ ಎಷ್ಟು ಕಿಲೋಮೀಟರ್ ಓಡಿತೆಂದು ಲೆಕ್ಕವಿಟ್ಟು, ಎರಡೂ ಕಡೆಯ ಅಂಕಿಗಳು ಸರಿಸುಮಾರು ಸಮವಾಗುವಂತೆ ವೇಳಾಪಟ್ಟಿಯನ್ನೇ ಹೊಂದಿಸುವುದು. ಸಾಲವನ್ನು ಹಣದಿಂದಲ್ಲ, ಓಟದಿಂದ ತೀರಿಸಿದಂತೆ. ಒಂದು ಸಂಸ್ಥೆಯ ಗಾಡಿ ಕೆಲವೊಮ್ಮೆ ತನ್ನ ಊರನ್ನು ಬಿಟ್ಟು ಪರರ ಹಳಿಯ ಮೇಲೆಯೇ ಹಿಂದೆಮುಂದೆ ಸುತ್ತುತ್ತಿರುವುದು ಕಂಡರೆ, ಅದು ಹಳೆಯ ಬಾಕಿ ತೀರಿಸುತ್ತಿದೆ ಎಂದು ತಿಳಿಯಬಹುದು.

ಈ ಲೆಕ್ಕದಲ್ಲಿಯೂ ಜಗಳಕ್ಕೆ ಆಸ್ಪದವಿತ್ತು. ಸುರಂಗ ರೈಲು ಸಂಸ್ಥೆಯ 6000 ಸರಣಿಯ ಬೋಗಿಗಳಲ್ಲಿ ವಿದ್ಯುತ್ತನ್ನು ಮಿತವಾಗಿ ಬಳಸುವ ಚಾಪರ್ ನಿಯಂತ್ರಣವಿತ್ತು. ರಾಷ್ಟ್ರೀಯ ರೈಲ್ವೆ ಕಳುಹಿಸಿದ 103 ಸರಣಿಯ ಬೋಗಿಗಳು ಹಳೆಯ ಪದ್ಧತಿಯವು; ವೇಗ ಏರಿಳಿಸುವಾಗ ವಿದ್ಯುತ್ತನ್ನು ಪ್ರತಿರೋಧಕಗಳಲ್ಲಿ ಸುಟ್ಟು ಶಾಖವಾಗಿ ಹೊರಚೆಲ್ಲುತ್ತಿದ್ದವು. ಬಯಲಿನಲ್ಲಿ ಅದು ಯಾರ ಗಮನಕ್ಕೂ ಬಾರದು. ಸುರಂಗದಲ್ಲಿ ಸೆಕೆಯಾಗಿ ಕಾಡುತ್ತದೆ, ವಿದ್ಯುತ್ತಿನ ಬಿಲ್ಲಿನಲ್ಲಿಯೂ ಕಾಣುತ್ತದೆ. ಅತಿಥಿಯಾಗಿ ಬಂದವನು ಮನೆಯನ್ನೂ ಕಾಯಿಸಿ ಕರೆಂಟಿನ ಖರ್ಚನ್ನೂ ಏರಿಸಿದಂತಾಯಿತು. ಕೊನೆಗೆ 1982ರಲ್ಲಿ ರಾಷ್ಟ್ರೀಯ ರೈಲ್ವೆಯು ಚಾಪರ್ ನಿಯಂತ್ರಣದ, ಅಲ್ಯೂಮಿನಿಯಂ ಮೈಯ 203 ಸರಣಿಯನ್ನು ತಂದಿತು. ಸ್ವಾರಸ್ಯವೆಂದರೆ ಈ 203 ಮತ್ತು 6000 ಸರಣಿಗಳೆರಡರ ಬೋಗಿಗಳೂ ಟೋಕಿಯೋದಲ್ಲಿ ನಿವೃತ್ತವಾದ ಮೇಲೆ ಸಮುದ್ರ ದಾಟಿ ಇಂಡೋನೇಷ್ಯಾದ ಜಕಾರ್ತಾದ ಲೋಕಲ್ ಗಾಡಿಗಳಾಗಿ ದುಡಿದವು. ಅಲ್ಲಿ ಅವೆರಡಕ್ಕೂ ಯಜಮಾನ ಒಬ್ಬನೇ.

1971ರಲ್ಲಿ ಒಪ್ಪಂದ ಮಾಡಿಕೊಂಡ ಎರಡು ಸಂಸ್ಥೆಗಳೂ ಸಾರ್ವಜನಿಕ ಒಡೆತನದವು. ಇಂದು ಅವೆರಡೂ ಇಲ್ಲ. ಸಾಲದ ಹೊರೆಯಿಂದ ಕುಸಿದ ರಾಷ್ಟ್ರೀಯ ರೈಲ್ವೆಯನ್ನು 1987ರ ಏಪ್ರಿಲ್ 1ರಂದು ಆರು ಪ್ರಯಾಣಿಕ ಕಂಪನಿಗಳಾಗಿಯೂ ಒಂದು ಸರಕು ಕಂಪನಿಯಾಗಿಯೂ ಒಡೆದರು. ಸುರಂಗ ರೈಲು ಪ್ರಾಧಿಕಾರವು 2004ರಲ್ಲಿ ಟೋಕಿಯೋ ಮೆಟ್ರೋ ಎಂಬ ಕಂಪನಿಯಾಗಿ, 2024ರ ಅಕ್ಟೋಬರಿನಲ್ಲಿ ಅದರ ಷೇರುಗಳು ಟೋಕಿಯೋ ಷೇರುಪೇಟೆಗೆ ಬಂದವು. ಪೂರ್ವ ಜಪಾನ್ ರೈಲ್ವೆಯ ಷೇರುಗಳು 1993ರಲ್ಲಿಯೇ ಪೇಟೆಗೆ ಬಂದಿದ್ದವು. ಹೀಗೆ ಇಬ್ಬರು ಸರಕಾರಿ ನೌಕರರು ಮಾಡಿಕೊಂಡ ಹೊಂದಾಣಿಕೆಯನ್ನು ಈಗ ಇಬ್ಬರು ವ್ಯಾಪಾರಿಗಳು ನಡೆಸುತ್ತಿದ್ದಾರೆ. ನಡುವೆ ಮೂರನೆಯ ಪಾಲುದಾರರೂ ಬಂದರು. ಚಿಯೋದಾ ಮಾರ್ಗದ ಇನ್ನೊಂದು ತುದಿಯಲ್ಲಿ ಒದಾಕ್ಯು ಎಂಬ ಖಾಸಗಿ ರೈಲ್ವೆ 1978ರಿಂದ ಸೇರಿಕೊಂಡಿದೆ. ಆದರೆ ಒದಾಕ್ಯು ಬೋಗಿ ಜೋಬಾನ್ ಹಳಿಯ ಮೇಲೂ ಜೋಬಾನ್ ಬೋಗಿ ಒದಾಕ್ಯು ಹಳಿಯ ಮೇಲೂ ಓಡತೊಡಗಿದ್ದು 2016ರಲ್ಲಿ ಮಾತ್ರ. ಅಲ್ಲಿಯವರೆಗೆ ಒದಾಕ್ಯು ಗಾಡಿಗಳಿಗೆ ಅಯಾಸೆಯೇ ಗಡಿ.

ಅಯಾಸೆಯಲ್ಲಿ ಸೊನ್ನೆಯ ನಂಬರಿನ ಪ್ಲಾಟ್‌ಫಾರ್ಮ್ ಒಂದಿದೆ. ಇಲ್ಲಿಂದ ಉತ್ತರಕ್ಕೆ ಎರಡು ಕಿಲೋಮೀಟರ್ ದೂರದಲ್ಲಿ ಚಿಯೋದಾ ಮಾರ್ಗದ ಗಾಡಿಗಳನ್ನು ನಿಲ್ಲಿಸುವ ಕಾರ್‌ಶೆಡ್ ಇದೆ. ಖಾಲಿ ಗಾಡಿಗಳು ದಿನವೂ ತಮ್ಮ ಮನೆಯ ಮುಂದೆಯೇ ಹಾದುಹೋಗುವುದನ್ನು ಅಲ್ಲಿನ ನಿವಾಸಿಗಳು ಎಷ್ಟು ಕಾಲ ನೋಡುತ್ತ ಕೂತಾರು? 1979ರ ಡಿಸೆಂಬರ್ 20ರಂದು ಅಲ್ಲಿ ಕಿತಾ-ಅಯಾಸೆ ಎಂಬ ನಿಲ್ದಾಣ ತೆರೆಯಿತು. ಮೂರೇ ಬೋಗಿಗಳ ಪುಟ್ಟ ಗಾಡಿಯೊಂದು ಅಯಾಸೆಯ ಸೊನ್ನೆಯ ಪ್ಲಾಟ್‌ಫಾರ್ಮಿಗೂ ಅಲ್ಲಿಗೂ ಓಡಾಡುತ್ತದೆ. 6000 ಸರಣಿಯ ಮೊಟ್ಟಮೊದಲ ಮಾದರಿ ಬೋಗಿಗಳು 2014ರವರೆಗೆ ಈ ತುಂಡು ದಾರಿಯಲ್ಲಿಯೇ ವೃದ್ಧಾಪ್ಯ ಕಳೆದವು. ಕಿತಾ-ಅಯಾಸೆಯ ಪ್ಲಾಟ್‌ಫಾರ್ಮನ್ನು ಉದ್ದ ಮಾಡಿದ ಮೇಲೆ, 2019ರ ಮಾರ್ಚಿನಿಂದ, ಹತ್ತು ಬೋಗಿಗಳ ಗಾಡಿ ಅಲ್ಲಿಂದಲೇ ನೇರವಾಗಿ ಓತೆಮಾಚಿಗೆ ಹೊರಡುತ್ತಿದೆ. ಒಂದು ಕಾಲದಲ್ಲಿ ಶೆಡ್ಡಿನ ಪಕ್ಕದ ಜಾಗವೆನಿಸಿದ್ದ ಆ ಬಡಾವಣೆಯವರಿಗೆ ಬೆಳಗಿನ ಹೊತ್ತು ಕುಳಿತುಕೊಳ್ಳಲು ಸೀಟು ಸಿಗುತ್ತದೆ. ಅಯಾಸೆಯ ಮುಂದಿನ ನಿಲ್ದಾಣವಾದ ಕಮೆಆರಿಯವರು ಮಾತ್ರ ಈಗಲೂ ಕಿತಾ-ಸೆಂಜುವಿನಲ್ಲಿ ಇಳಿದು, ಮೆಟ್ಟಿಲು ಹತ್ತಿ, ಉಎನೊ ಗಾಡಿಗೆ ಕಾಯುತ್ತಾರೆ.