60ಎಕ್ಸ್ ಬೇಕಾ, 27ಎಕ್ಸ್ ಸಾಕಾ? ಸ್ಪಾಟಿಂಗ್ ಸ್ಕೋಪ್ ಐಪೀಸ್ ಆರಿಸೋದು ಹೇಗೆ

ವಿಡಿಯೋ ನೋಡೋಕೆ ಟೈಮ್ ಇಲ್ಲ, ಓದ್ಕೋತೀವಿ ಅನ್ನೋರಿಗಾಗಿ ಈ ವಾರದ ಮಾತಿನ ಬರಹರೂಪ ಇದು.

2024ರ ಆಗಸ್ಟ್ 1ರಂದು ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ತ್ರೀ ಪೊಸಿಷನ್ಸ್ ಕಂಚು ಗೆದ್ದರು. ಆ ವಿಭಾಗದಲ್ಲಿ ಭಾರತಕ್ಕೆ ಸಿಕ್ಕ ಮೊದಲ ಒಲಿಂಪಿಕ್ ಪದಕ ಅದು. ಆಮೇಲೆ ಪುಣೆಯಲ್ಲಿ ನನ್ನ ಜೊತೆ ಕೆಲಸ ಮಾಡೋ ಕೆಲವರು ಶೂಟಿಂಗ್ ಕಲಿಯೋಕೆ ಶುರು ಮಾಡಿದ್ರು. ಎರಡು ತಿಂಗಳಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: "ಗುರೂ, ಸ್ಪಾಟಿಂಗ್ ಸ್ಕೋಪ್ ಯಾವುದು ತಗೊಳ್ಳೋದು? 60ಎಕ್ಸ್ ಇರೋದೇ ಒಳ್ಳೇದಲ್ವಾ?"

ಚಿಕ್ಕ ಉತ್ತರ: ಅಲ್ಲ. ಒಳ್ಳೆ ಸ್ಕೋಪ್ ಒಂದು ಒಳ್ಳೆ ಲ್ಯಾಪ್‌ಟಾಪ್‌ನಷ್ಟು ದುಡ್ಡು ಕೇಳುತ್ತೆ. ಅಷ್ಟು ಕೊಟ್ಟ ಮೇಲೆ ದಿನಾ ಬಳಸೋದು 25ರಿಂದ 30ಎಕ್ಸ್ ಸುತ್ತಮುತ್ತಲೇ. ಯಾಕೆ ಅಂತ ಲೆಕ್ಕದ ಸಮೇತ ನೋಡೋಣ.

ನೀವು ನೋಡಬೇಕಾಗಿರೋದು ಏನು?

ಐಪೀಸ್ ಅಂದ್ರೆ ಸ್ಕೋಪ್‌ನಲ್ಲಿ ನಾವು ಕಣ್ಣಿಡೋ ತುದಿಯ ಮಸೂರ. ಅದನ್ನ ಆರಿಸೋ ಮುಂಚೆ ಕೇಳ್ಕೋಬೇಕಾದ ಪ್ರಶ್ನೆ "ಎಷ್ಟು ದೊಡ್ಡದಾಗಿ ಕಾಣುತ್ತೆ" ಅನ್ನೋದಲ್ಲ, "ಏನನ್ನ ನೋಡಬೇಕು" ಅನ್ನೋದು.

50 ಮೀಟರ್ ತಗೊಳ್ಳಿ. .22 ಗುಂಡು ಕಾಗದದಲ್ಲಿ ಮಾಡೋ ತೂತು ಸುಮಾರು 5.6 ಮಿ.ಮೀ. 10 ಅಂಕದ ವೃತ್ತ 10.4 ಮಿ.ಮೀ. 25ಎಕ್ಸ್‌ನಲ್ಲಿ ನೋಡಿದ್ರೆ 50 ಮೀಟರ್ ದೂರದ ಕಾಗದ 2 ಮೀಟರ್ ದೂರದಲ್ಲಿ ಹಿಡಿದ ಹಾಗೆ ಕಾಣುತ್ತೆ. ತೂತು ಆರಾಮಾಗಿ ಗೊತ್ತಾಗುತ್ತೆ, ಇಲ್ಲಿ 60ಎಕ್ಸ್‌ಗೆ ಕೆಲಸವೇ ಇಲ್ಲ. ಎಲೆಕ್ಟ್ರಾನಿಕ್ ಟಾರ್ಗೆಟ್ ಇರೋ ಲೇನ್ ಆದ್ರಂತೂ ಗುಂಡು ಬಿದ್ದ ಜಾಗ ಪಕ್ಕದ ಮಾನಿಟರ್‌ನಲ್ಲೇ ಬರುತ್ತೆ.

ಈಗ ನಿಜವಾದ ದೂರಕ್ಕೆ ಹೋಗೋಣ. ಇಂಗ್ಲೆಂಡಿನ ಬಿಸ್ಲಿಯಲ್ಲಿ ಸ್ಟಿಕಲ್‌ಡೌನ್ ಅನ್ನೋ ರೇಂಜ್ ಇದೆ, ಅಲ್ಲಿ 1200 ಗಜದವರೆಗೂ ಹೊಡೀತಾರೆ. ಹೆಸರಾಂತ ಕಿಂಗ್ಸ್ ಪ್ರೈಜ್ ಸ್ಪರ್ಧೆಯ ಕೊನೆಯ ಸುತ್ತು ನಡೆಯೋದು 900 ಮತ್ತು 1000 ಗಜದಲ್ಲಿ. 1000 ಗಜ ಅಂದ್ರೆ 914 ಮೀಟರ್. ಅಷ್ಟು ದೂರದಲ್ಲಿ .308 ಗುಂಡಿನ ತೂತು ಕೇವಲ 7.8 ಮಿ.ಮೀ. 60ಎಕ್ಸ್ ಹಾಕಿದ್ರೂ ಅದು 15 ಮೀಟರ್ ಆಚೆ, ಕರಿ ಬಣ್ಣದ ಮೇಲಿರೋ ಒಂದು ಚುಕ್ಕೆ. ನಡುವೆ ಸುಮಾರು ಒಂದು ಕಿಲೋಮೀಟರ್ ಬಿಸಿ ಗಾಳಿ ಕುಣೀತಿರುತ್ತೆ. ಬಿಸಿಲಲ್ಲಿ ಆ ತೂತು ಕಾಣೋದನ್ನ ಮರೆತುಬಿಡಿ.

ಹಾಗಾದ್ರೆ ಅವರಿಗೆ ಗೊತ್ತಾಗೋದು ಹೇಗೆ? ಗುರಿಯ ಕೆಳಗೆ ಹಳ್ಳದಲ್ಲಿ ಮಾರ್ಕರ್‌ಗಳು ಕೂತಿರ್ತಾರೆ. ಪ್ರತಿ ಗುಂಡಿಗೂ ಗುರಿಯನ್ನ ಕೆಳಗಿಳಿಸಿ, ತೂತಿಗೆ ಎದ್ದು ಕಾಣೋ ಒಂದು ಬಿಲ್ಲೆ ಸಿಕ್ಕಿಸಿ ಮತ್ತೆ ಮೇಲೆತ್ತುತ್ತಾರೆ. ಆ ಬಿಲ್ಲೆ ನೋಡೋಕೆ 20ಎಕ್ಸ್ ಸಾಕು. ಅಂದ ಮೇಲೆ ದೂರದ ಶೂಟಿಂಗ್‌ನಲ್ಲಿ ಸ್ಪಾಟಿಂಗ್ ಸ್ಕೋಪ್‌ನ ಮುಖ್ಯ ಕೆಲಸ ತೂತು ನೋಡೋದಲ್ಲ, ಗಾಳಿ ನೋಡೋದು.

ಗಾಳಿ ಕಣ್ಣಿಗೆ ಕಾಣುತ್ತಾ?

ಕಾಣುತ್ತೆ. ಬೇಸಿಗೆಯಲ್ಲಿ ಡಾಂಬರು ರಸ್ತೆ ಮೇಲೆ ಝಳ ನಡುಗೋದನ್ನ ಎಲ್ಲರೂ ನೋಡಿದೀವಿ. ಶೂಟರ್‌ಗಳು ಇದನ್ನ ಮಿರಾಜ್ ಅಂತಾರೆ. ನಮ್ಮ ಬಿಸಿಲ್ಗುದುರೆಗೂ ಇದಕ್ಕೂ ಸ್ವಲ್ಪ ವ್ಯತ್ಯಾಸ ಇದೆ. ಇಲ್ಲಿ ನೀರಿನ ಭ್ರಮೆ ಇಲ್ಲ, ಬಿಸಿ ಮತ್ತು ತಂಪು ಗಾಳಿಯ ಪದರಗಳು ಬೆಳಕನ್ನ ಬೇರೆಬೇರೆಯಾಗಿ ಬಾಗಿಸೋದರಿಂದ ಆಗೋ ಅಲುಗಾಟ ಅಷ್ಟೇ.

ಗಾಳಿ ಇಲ್ಲದಿದ್ರೆ ಝಳ ನೇರ ಮೇಲಕ್ಕೆ ಏಳುತ್ತೆ, ಅನ್ನದ ಎಸರು ಕುದಿಯೋ ಹಾಗೆ. ಮೆಲ್ಲಗೆ ಗಾಳಿ ಬೀಸಿದ್ರೆ ಅಲೆಗಳು ಒಂದು ಕಡೆ ವಾಲುತ್ತವೆ. ಜೋರಾದ್ರೆ ಮಲಗಿ, ಹೊಳೆ ನೀರಿನ ಹಾಗೆ ಅಡ್ಡಡ್ಡ ಹರೀತವೆ. ಎಡದಿಂದ ಬಲಕ್ಕೆ ಹರಿದ್ರೆ ಗಾಳಿ ಎಡದಿಂದ. ಒಂದು ಎಚ್ಚರ: ಗಾಳಿ ನಿಮ್ಮ ಬೆನ್ನಿನಿಂದಲೋ ಎದುರಿನಿಂದಲೋ ನೇರವಾಗಿ ಬೀಸ್ತಿದ್ರೂ ಝಳ ಕುದಿಯೋ ಹಾಗೇ ಕಾಣುತ್ತೆ. ಆದ್ದರಿಂದ ಬಾವುಟ, ಹುಲ್ಲು, ಮರ ಇವನ್ನೂ ಜೊತೆಗೆ ನೋಡ್ತಿರಬೇಕು.

ಇದಕ್ಕೆ ಇಷ್ಟು ಮಹತ್ವ ಯಾಕೆ? 1000 ಗಜದಲ್ಲಿ .308 ಗುಂಡನ್ನ ಗಂಟೆಗೆ 10 ಮೈಲಿಯ ಅಡ್ಡಗಾಳಿ ಎರಡು ಮೀಟರ್‌ಗೂ ಹೆಚ್ಚು ಪಕ್ಕಕ್ಕೆ ತಳ್ಳುತ್ತೆ. ಅಮೆರಿಕದ ಎಫ್-ಕ್ಲಾಸ್ ಗುರಿಯಲ್ಲಿ 10 ಅಂಕದ ವೃತ್ತದ ಅಗಲ 10 ಇಂಚು, ಅಂದ್ರೆ 25 ಸೆಂ.ಮೀ. ಗಾಳಿಯ ಅಂದಾಜಿನಲ್ಲಿ ಬರೀ ಒಂದು ಮೈಲಿ ವ್ಯತ್ಯಾಸ ಬಂದ್ರೂ ನಟ್ಟನಡುವೆ ಹೋಗಬೇಕಿದ್ದ ಗುಂಡು ವೃತ್ತದ ಹೊರಗೆ. ರೈಫಲ್ ಎಷ್ಟೇ ಚೆನ್ನಾಗಿರಲಿ, ಗಾಳಿ ಓದೋಕೆ ಬರದಿದ್ರೆ ಸೋಲೇ.

ಝಳ ಓದೋ ವಿಧಾನ ಸರಳ. ಮೊದಲು ಗುರಿಗೆ ಫೋಕಸ್ ಮಾಡಿ. ಆಮೇಲೆ ಫೋಕಸ್ ಅನ್ನು ನಿಮ್ಮ ಕಡೆಗೆ ತನ್ನಿ, ದೂರದ ಅರ್ಧದಿಂದ ಮೂರನೇ ಎರಡು ಭಾಗದವರೆಗೆ. ಗುರಿ ಸ್ವಲ್ಪ ಮಂಜಾಗುತ್ತೆ, ಅಲೆಗಳು ಸ್ಪಷ್ಟ ಆಗ್ತವೆ. ಇಲ್ಲೇ ಐಪೀಸ್‌ನ ಆಯ್ಕೆ ಲೆಕ್ಕಕ್ಕೆ ಬರೋದು. ಬಿಸಿಲೇರಿದಾಗ 60ಎಕ್ಸ್ ಹಾಕಿದ್ರೆ ಝಳವೂ ಅಷ್ಟೇ ದೊಡ್ಡದಾಗಿ, ಬರೀ ಗಲಿಬಿಲಿ ಕಾಣುತ್ತೆ. 25-30ಎಕ್ಸ್‌ನಲ್ಲಿ ಹರಿವಿನ ದಿಕ್ಕು ನೀಟಾಗಿ ತಿಳಿಯುತ್ತೆ.

ಮೂರು ಲೆಕ್ಕ

ನಾವೆಲ್ಲ ಸ್ಪೆಕ್ ಶೀಟ್ ನೋಡಿ ಫೋನ್ ತಗೊಳ್ಳೋರು, ಇಲ್ಲೂ ಅದೇ ಮಾಡೋಣ. ಆದ್ರೆ ಸರಿಯಾದ ಸಾಲನ್ನ ನೋಡೋಣ.

ಮೊದಲನೇದು, ಬೆಳಕು. ಮುಂದಿನ ಗಾಜಿನ ಅಗಲವನ್ನ ಎಕ್ಸ್‌ನಿಂದ ಭಾಗಿಸಿ. ಬರೋದು ಎಕ್ಸಿಟ್ ಪ್ಯೂಪಿಲ್, ಅಂದ್ರೆ ಐಪೀಸ್‌ನಿಂದ ಕಣ್ಣಿಗೆ ಬರೋ ಬೆಳಕಿನ ಕಂಬದ ಅಗಲ. 80 ಮಿ.ಮೀ. ಸ್ಕೋಪ್‌ನಲ್ಲಿ 20ಎಕ್ಸ್‌ಗೆ 4 ಮಿ.ಮೀ., 27ಎಕ್ಸ್‌ಗೆ ಸುಮಾರು 3, 60ಎಕ್ಸ್‌ಗೆ 1.3. ಹಗಲಲ್ಲಿ ನಮ್ಮ ಕಣ್ಣಿನ ಪಾಪೆ 2-3 ಮಿ.ಮೀ. ಇರುತ್ತೆ. 60ಎಕ್ಸ್‌ನಲ್ಲಿ ಚಿತ್ರ ಮಂಕಾಗೋದು, ಕಣ್ಣು ಒಂಚೂರು ಸರಿದ್ರೂ ಕಪ್ಪಾಗೋದು ಇದಕ್ಕೇ.

ಎರಡನೇದು, ವಿವರ. 80 ಮಿ.ಮೀ. ಗಾಜು ಬೇರ್ಪಡಿಸಿ ತೋರಿಸಬಲ್ಲ ಅತಿ ಚಿಕ್ಕ ಕೋನ ಸುಮಾರು 1.45 ಆರ್ಕ್ ಸೆಕೆಂಡ್. ನಮ್ಮ ಕಣ್ಣಿನದು ಸುಮಾರು 60. ಭಾಗಿಸಿದ್ರೆ 41. ಅಂದ್ರೆ ಒಳ್ಳೆ ಕಣ್ಣಿಗೆ 40ಎಕ್ಸ್ ಹೊತ್ತಿಗೆ ಗಾಜಿನಲ್ಲಿರೋ ವಿವರವೆಲ್ಲ ಸಿಕ್ಕಿಬಿಡುತ್ತೆ. ಆಮೇಲೆ ಹೆಚ್ಚಿಸೋದು ಫೋನಿನ ಡಿಜಿಟಲ್ ಜೂಮ್ ಇದ್ದ ಹಾಗೆ, ಇರೋ ಪಿಕ್ಸೆಲ್ಲನ್ನೇ ಎಳೆದು ದೊಡ್ಡದು ಮಾಡೋದು. 50-60 ಮಿ.ಮೀ. ಗಾಜಿಗೆ ಈ ಮಿತಿ ಇನ್ನೂ ಕಡಿಮೆ. ಆನ್‌ಲೈನ್‌ನಲ್ಲಿ ಪುಟ್ಟ ಸ್ಕೋಪ್ ಮೇಲೆ ನೂರಾರು ಎಕ್ಸ್ ಅಂತ ಬರೆದಿದ್ರೆ ಆ ಪೇಜ್ ಮುಚ್ಚಿಬಿಡಿ.

ಮೂರನೇದು, ನೋಟದ ಅಗಲ. ಸಾಮಾನ್ಯ 20-60 ಜೂಮ್ ಐಪೀಸ್‌ನಲ್ಲಿ 20ಎಕ್ಸ್‌ಗೆ ಸುಮಾರು 2 ಡಿಗ್ರಿ ಕಾಣುತ್ತೆ, 1000 ಮೀಟರ್ ಆಚೆ 35 ಮೀಟರ್. 60 ಡಿಗ್ರಿ ತೋರಿಕೆಯ 27ಎಕ್ಸ್ ಫಿಕ್ಸೆಡ್ ಐಪೀಸ್‌ನಲ್ಲಿ ಹತ್ತಿರಹತ್ತಿರ 39 ಮೀಟರ್. ಹೆಚ್ಚು ದೊಡ್ಡದಾಗಿಯೂ ಕಾಣುತ್ತೆ, ಹೆಚ್ಚು ಜಾಗವೂ ಕಾಣುತ್ತೆ. ಜೂಮ್‌ಗೂ ಒಂದು ಲಾಭ ಇದೆ: ಮೋಡದ ದಿನ ಝಳ ತೀರಾ ಸಣ್ಣದಿದ್ದಾಗ 40ಎಕ್ಸ್‌ಗೆ ಏರಿಸಿದ್ರೆ ಅದು ಕಣ್ಣಿಗೆ ಬೀಳುತ್ತೆ.

ಕನ್ನಡಕ ಹಾಕೋರಿಗೆ

ನಮ್ಮ ಫೀಲ್ಡ್‌ನಲ್ಲಿ ಅರ್ಧಕ್ಕರ್ಧ ಜನ ಕನ್ನಡಕದವರೇ. ನೀವು ಹುಡುಕಬೇಕಾದ ಪದ "ಐ ರಿಲೀಫ್". ಪೂರ್ತಿ ಚಿತ್ರ ಕಾಣೋಕೆ ಕಣ್ಣು ಐಪೀಸ್‌ನಿಂದ ಎಷ್ಟು ದೂರ ಇರಬಹುದು ಅನ್ನೋ ಅಳತೆ ಅದು. ಕನ್ನಡಕ ಇದ್ರೆ 17 ಮಿ.ಮೀ. ಮೇಲಿರೋದು ನೋಡಿ, 20 ಇದ್ರೆ ಇನ್ನೂ ಒಳ್ಳೇದು. ಎಷ್ಟೋ ಜೂಮ್ ಐಪೀಸ್‌ಗಳಲ್ಲಿ ಇದು ಕಡಿಮೆ. ಆಗ ನಡುವಿನ ಒಂದು ಸಣ್ಣ ಬೊಟ್ಟು ಮಾತ್ರ ಕಾಣುತ್ತೆ.

ಮಲಗಿ ಹೊಡೆಯೋರು ಕೊಕ್ಕೆಯ ಹಾಗೆ ಬಾಗಿರೋ ಆಂಗಲ್ಡ್ ಬಾಡಿಯನ್ನೇ ತಗೊಳ್ಳಿ. ಬಲಗೈಯವರು ಸ್ಕೋಪನ್ನ ಎಡಗಡೆ ಇಟ್ಟು, ಐಪೀಸನ್ನ ತಮ್ಮ ಕಡೆ ತಿರುಗಿಸ್ಕೊಂಡ್ರೆ ಮೈ ಅಲುಗಿಸದೆ ತಲೆ ಮಾತ್ರ ವಾಲಿಸಿ ನೋಡಬಹುದು. ಪೊಸಿಷನ್ ಕೆಡಲ್ಲ. ಸ್ಟ್ಯಾಂಡ್ ಗಟ್ಟಿಯಾಗಿರಲಿ, ಸ್ಟ್ಯಾಂಡ್ ನಡುಗಿದ್ರೆ ಎಂಥ ಗಾಜಿದ್ದೂ ದಂಡ.

ದುಡ್ಡು ಎಲ್ಲಿ ಹಾಕೋದು?

ನನ್ನ ಕ್ರಮ ಹೀಗಿದೆ: ಮೊದಲು ಒಳ್ಳೆ ಗಾಜು, ಆಗೋದಾದ್ರೆ ಇಡಿ ಗಾಜು. ಅದರಲ್ಲಿ ಅಂಚುಗಳ ನೇರಳೆ ಬಣ್ಣ ಕಡಿಮೆಯಾಗುತ್ತೆ. ಆಮೇಲೆ 25-30ಎಕ್ಸ್‌ನ ಅಗಲ ನೋಟದ ಐಪೀಸ್, ಆಮೇಲೆ ಗಟ್ಟಿ ಸ್ಟ್ಯಾಂಡ್. 60ಎಕ್ಸ್ ಕೊನೆಗೆ. ಕೆಲವು ಸ್ಕೋಪ್‌ಗಳು ಒಂದೂಕಾಲು ಇಂಚಿನ ಟೆಲಿಸ್ಕೋಪ್ ಐಪೀಸ್‌ಗಳನ್ನೂ ತಗೋತವೆ. ಸ್ಕೋಪ್‌ನ ಫೋಕಲ್ ಲೆಂತ್ 480 ಮಿ.ಮೀ. ಇದ್ರೆ 18 ಮಿ.ಮೀ. ಐಪೀಸ್ ಸುಮಾರು 27ಎಕ್ಸ್ ಕೊಡುತ್ತೆ. ಆದ್ರೆ ಕೊಳ್ಳೋ ಮುಂಚೆ ದೂರಕ್ಕೆ ಫೋಕಸ್ ಆಗುತ್ತಾ ಅಂತ ಹಾಕಿ ನೋಡಿ. ಇಂಥ ಐಪೀಸ್‌ಗಳು ಎಷ್ಟೋ ಸಲ ಮಳೆ ತಡೆಯಲ್ಲ, ಅದೂ ನೆನಪಿರಲಿ.

ಇನ್ನೊಂದು ಸಮಾಧಾನ: ಶೂಟಿಂಗ್ ನಿಂತುಹೋದ್ರೂ ದುಡ್ಡು ದಂಡ ಅಲ್ಲ. ಪುಣೆಯವರಿಗೆ ಭಿಗವಾಣ್, ಮುಂಬೈಯವರಿಗೆ ಠಾಣೆ ಖಾರಿಯ ಫ್ಲೆಮಿಂಗೊ, ಚೆನ್ನೈಯವರಿಗೆ ಪಳ್ಳಿಕರಣೈ, ದೆಹಲಿಯವರಿಗೆ ಓಖ್ಲಾ. ಊರಿಗೆ ಹೋದಾಗ ರಂಗನತಿಟ್ಟು. ನೀರಿನ ಮೇಲೂ ಝಳ ಇರುತ್ತೆ, ಅಲ್ಲೂ ಅದೇ 27ಎಕ್ಸ್ ಕೈ ಹಿಡಿಯುತ್ತೆ.

ಒಂದು ಮಾತು ಮಾತ್ರ ಮರೀಬೇಡಿ, ಮನೇಲಿ ಮಕ್ಕಳಿದ್ರೆ ಅವರಿಗೂ ಹೇಳಿಕೊಡಿ: ಸ್ಕೋಪ್‌ನಲ್ಲಿ ಸೂರ್ಯನನ್ನ ಯಾವತ್ತೂ ನೋಡಬಾರದು, ಕ್ಷಣದಲ್ಲಿ ಕಣ್ಣು ಹೋಗುತ್ತೆ.

ಅಂಗಡಿಗೆ ಹೋದ್ರೆ ಮಧ್ಯಾಹ್ನದ ಬಿಸಿಲಲ್ಲಿ ಹೋಗಿ. ಸ್ಕೋಪನ್ನ ಹೊರಗೆ ತಂದು, ದೂರದ ಬೋರ್ಡಿನ ಸಣ್ಣ ಅಕ್ಷರ ನೋಡ್ತಾ 20ರಿಂದ 60ಕ್ಕೆ ಮೆಲ್ಲಗೆ ಏರಿಸಿ. ಯಾವ ಅಂಕಿಯ ನಂತರ ಹೊಸದೇನೂ ಓದೋಕೆ ಆಗಲ್ವೋ ಅಲ್ಲಿ ನಿಲ್ಲಿಸಿ. ನಿಮಗೆ ಬೇಕಾದ ಐಪೀಸ್ ಆ ಅಂಕಿಯ ಕೆಳಗೇ ಇದೆ.